ಬಿಳಿಗಾಲಿಯ ಹಳೇ ಲಾಳ

ಬಿಳಿಗಾಲಿಗೆ ಹೊಸ ಲಾಳ ಕಟ್ಟುವ ದಿನ ಬಂತೆಂದರೆ ಲಾಯದ ಹಿಂದಿನ ಗೇಟಿನಲ್ಲಿ ಬೆಳಿಗ್ಗೆ ಏಳಕ್ಕೇ ಜನ ಸಾಲುಗಟ್ಟಿರುತ್ತಿದ್ದರು. ಮೂರು ವಾರಕ್ಕೋ ನಾಲ್ಕು ವಾರಕ್ಕೋ ಬರುವ ಆ ದಿನವನ್ನು ಅವರಿಗೆ ಯಾರು ಹೇಳುತ್ತಿದ್ದರೋ ದೇವರಿಗೇ ಗೊತ್ತು. ಲಾಯದವರಿಗೇ ಕೆಲವು ಸಲ ಮರೆತಿರುತ್ತಿತ್ತು, ಸಾಲು ನೋಡಿ ನೆನಪಾಗುತ್ತಿತ್ತು. ಅವರೆಲ್ಲ ಬರುತ್ತಿದ್ದದ್ದು ಅವಳ ಕಾಲಿಂದ ಕಿತ್ತ ಹಳೇ ಲಾಳಕ್ಕೆ.

ಹನ್ನೊಂದು ರೇಸು ಓಡಿ ಹನ್ನೊಂದನ್ನೂ ಗೆದ್ದವಳು ಬಿಳಿಗಾಲಿ. ರೇಸಿನ ಪುಸ್ತಕದಲ್ಲಿ ಅವಳಿಗೆ ಬೇರೇನೋ ಉದ್ದದ ಹೆಸರಿತ್ತು. ಮೈಕಿನಲ್ಲಿ ಕೂಗುವವನನ್ನು ಬಿಟ್ಟರೆ ಅದು ಯಾರ ನಾಲಿಗೆಯ ಮೇಲೂ ಹೊರಳುತ್ತಿರಲಿಲ್ಲ. ಮೈಯೆಲ್ಲ ಕಡುಗಂದು, ಎಡ ಮುಂಗಾಲು ಮಾತ್ರ ಮಂಡಿಯವರೆಗೆ ಹಾಲಿನಂತೆ ಬಿಳಿ. ಹಾಗಾಗಿ ಜನ ಇಟ್ಟ ಹೆಸರೇ ಗಟ್ಟಿಯಾಯಿತು. ಅವಳು ಓಡುವ ದಿನ ಎಲ್ಲರೂ ಎಡಗಾಲಿಗೆ ಮಾತ್ರ ಒಂದು ಬಿಳಿ ಕಾಲುಚೀಲ ಹಾಕಿಕೊಂಡು ಬರುತ್ತಿದ್ದರು. ಕೋಟು ಹಾಕಿದ ವಕೀಲರೂ ಅಷ್ಟೇ, ಮೂಟೆ ಹೊರುವವರೂ ಅಷ್ಟೇ. ಮೈದಾನದ ಎದುರಿನ ಅಂಗಡಿಯವನು ಒಂಟಿ ಕಾಲುಚೀಲ ಮಾರಿಯೇ ಹೆಂಡತಿ ಮಕ್ಕಳನ್ನು ಸಾಕುತ್ತಿದ್ದಾನೆ ಎಂದು ತಮಾಷೆ ಮಾಡುತ್ತಿದ್ದರು. ಗೆದ್ದ ಮೇಲೂ ಅವಳನ್ನು ನೇರ ಲಾಯಕ್ಕೆ ಒಯ್ಯುವಂತಿರಲಿಲ್ಲ. ಬಿಳಿ ಬೇಲಿಯ ಈ ತುದಿಯಿಂದ ಆ ತುದಿಯವರೆಗೆ ಅವಳು ನಡೆದು ಹೋಗಬೇಕು, ಜನ ಕಣ್ತುಂಬ ನೋಡಬೇಕು. ಎಷ್ಟೋ ಗಟ್ಟಿಗರು ಅಲ್ಲಿ ಗಳಗಳನೆ ಅತ್ತುಬಿಡುತ್ತಿದ್ದರು.

ಅವಳಿಗೆ ಲಾಳ ಕಟ್ಟುತ್ತಿದ್ದವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಕುದುರೆಗಳ ಹೊಟ್ಟೆಯ ಕೆಳಗೆ ಬೆನ್ನು ಬಗ್ಗಿಸಿ ಕೆಲಸ ಮಾಡಿದ ಮನುಷ್ಯ. ಅಷ್ಟು ವರ್ಷದಲ್ಲಿ ಒಬ್ಬ ನರಪಿಳ್ಳೆಯೂ ಅವರತ್ತ ತಿರುಗಿ ನೋಡಿರಲಿಲ್ಲ. ಬಿಳಿಗಾಲಿ ಬಂದ ಮೇಲೆ ಎಲ್ಲ ಬದಲಾಯಿತು. ಲಾಳ ಯಾರಿಗೆ ಸಿಗಬೇಕೆಂದು ನಿರ್ಧರಿಸುವವರು ಮೇಸ್ತ್ರಿ. ಅದರಲ್ಲೂ ಬಿಳಿಗಾಲಿನ ಲಾಳ, ಅಂದರೆ ಎಡ ಮುಂಗಾಲಿನದು. ಅದನ್ನು ಅವರು ಕೊನೆಗೆ ತೆಗೆದು, ಇನ್ನೂ ಬೆಚ್ಚಗಿರುವಾಗಲೇ ಗೇಟಿಗೆ ಒಯ್ದು, ಸಾಲಿನಲ್ಲಿ ಒಬ್ಬರನ್ನು ಆರಿಸಿ ಕೈಯಲ್ಲಿಡುತ್ತಿದ್ದರು. ಪಡೆದವರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮೇಸ್ತ್ರಿ ಅಂದು ಮನೆಗೆ ಹೋಗುವ ನಡಿಗೆಯೇ ಬೇರೆ ಇರುತ್ತಿತ್ತು.

"ಕುದುರೆ ಗೆದ್ರೆ ನಿಮಗ್ಯಾಕ್ರೀ ಎರಡು ಕೊಂಬು?" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಈ ಸಂಭ್ರಮದಲ್ಲಿ ಮೇಸ್ತ್ರಿ ಒಂದು ಕೆಲಸ ಮರೆತಿದ್ದರು. ಅವರ ಅಪ್ಪ ಹಳೇ ಲಾಳಗಳನ್ನು ಎಂದೂ ಎಸೆದವರಲ್ಲ. ಒಂದೊಂದು ಕುದುರೆಗೂ ಗೋಡೆಯಲ್ಲಿ ಒಂದೊಂದು ಮೊಳೆ, ಮೊಳೆಗೆ ಕೊನೆಯ ಆರು ಸಲದ ಲಾಳಗಳು. ಕುದುರೆ ಬಾಯಿಬಿಟ್ಟು ಹೇಳದ್ದನ್ನು ಲಾಳ ಹೇಳುತ್ತದೆ. ಕುದುರೆ ಎಲ್ಲಿ ನೋವೋ ಅಲ್ಲಿ ಭಾರ ಬಿಡದೆ ಇನ್ನೊಂದು ಬದಿಗೆ ಊರುತ್ತದೆ, ಆ ಬದಿಯ ಕಬ್ಬಿಣ ಸವೆಯುತ್ತದೆ. ಮೇಸ್ತ್ರಿಯೂ ಈ ಪದ್ಧತಿ ಬಿಟ್ಟಿರಲಿಲ್ಲ. ಲಾಯದ ಇಪ್ಪತ್ತಾರು ಕುದುರೆಗಳ ಲಾಳ ಗೋಡೆಯಲ್ಲಿ ತೂಗುತ್ತಿದ್ದವು. ಖಾಲಿ ಇದ್ದದ್ದು ಒಂದೇ ಮೊಳೆ, ಬಿಳಿಗಾಲಿಯದು.

ಹನ್ನೆರಡನೆಯ ರೇಸು ಭಾನುವಾರ. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಅವಳ ಕಬ್ಬಿಣದ ಲಾಳ ಕಿತ್ತು, ರೇಸಿಗೆಂದೇ ಇರುವ ಹಗುರ ಅಲ್ಯೂಮಿನಿಯಂ ಲಾಳ ಕಟ್ಟಿದರು. ಅಂದು ಜೋರು ಮಳೆ, ಗೇಟಿನಲ್ಲಿ ಸಾಲು ಇರಲಿಲ್ಲ. ಕೊಡಲು ಯಾರೂ ಇಲ್ಲದ್ದರಿಂದ ಮೇಸ್ತ್ರಿ ಬಿಳಿಗಾಲಿನ ಲಾಳವನ್ನು ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸಿ ನೋಡಿದರು. ಹೊರ ಅಂಚು ಚಾಕುವಿನಷ್ಟು ತೆಳ್ಳಗಾಗಿತ್ತು. ಒಳ ಅಂಚು ಹೆಚ್ಚುಕಡಿಮೆ ಹೊಸದರಂತಿತ್ತು.

ಅದನ್ನು ಹಿಡಿದುಕೊಂಡು ಅವರು ಲಾಯದ ಡಾಕ್ಟರ ಬಳಿಗೆ ಓಡಿದರು. ಡಾಕ್ಟರು ಒಳ್ಳೆಯವರೇ. ಬಂದು ಕಾಲನ್ನು ಮೇಲಿಂದ ಕೆಳಗೆ ಒತ್ತಿ ನೋಡಿದರು. ಅಂಗಳದಲ್ಲಿ ನಾಲ್ಕು ಸುತ್ತು ಓಡಿಸಿ ನೋಡಿದರು. ಬಿಳಿಗಾಲಿ ರಾಣಿಯ ಹಾಗೆ ಓಡಿದಳು.

"ಊತ ಇಲ್ಲ, ಕುಂಟೂ ಇಲ್ಲ ಮೇಸ್ತ್ರಿ."

"ಒಳಗಡೆ ಮೂಳೇಲಿ ಏನೋ ಇದೆ ಸಾರ್. ಅವಳು ನೋವು ನುಂಗ್ಕೊಂಡು ಓಡ್ತಾಳೆ. ಫೋಟೋ ತೆಗೆಸಿ."

"ಎಕ್ಸ್‌ರೇ ತೆಗೆಸೋಕೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಹೋಗಿ ಬರೋಕೆ ಎರಡು ದಿನ. ರೇಸು ತಪ್ಪತ್ತೆ. ಒಂದೇ ಒಂದು ಲಾಳ ಹಿಡ್ಕೊಂಡು ಯಜಮಾನ್ರ ಮುಂದೆ ನಿಂತ್ರೆ ನಗ್ತಾರೆ. ಲಾಳದ ಮೊಳೆ ಸಡಿಲ ಇದ್ರೂ ಹೀಗೆ ಸವೆಯತ್ತೆ ಅಂತ ನೀವೇ ಹೇಳಿದ್ರಲ್ಲ ಒಂದಿನ." ಡಾಕ್ಟರು ಸ್ವಲ್ಪ ಯೋಚಿಸಿದರು. "ಹಿಂದಿನ ಎರಡು ಮೂರು ಲಾಳ ತನ್ನಿ, ಅದಕ್ಕಿಂತ ಹಳೇದು ಲೆಕ್ಕಕ್ಕೆ ಬರಲ್ಲ. ಅವೂ ಇದೇ ಥರ ಸವೆದಿದ್ರೆ ನಾನೇ ಹೋಗಿ ನಿಲ್ಲಿಸ್ತೀನಿ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಓಡೋ ಕುದುರೆಗಳ ಪಟ್ಟಿ ಬೀಳತ್ತೆ. ಅಷ್ಟರೊಳಗೆ ತನ್ನಿ."

ಖಾಲಿ ಮೊಳೆ ಮೇಸ್ತ್ರಿಯ ಕಣ್ಣಿಗೆ ಕಟ್ಟಿತು. ಆದರೂ ಧೈರ್ಯ ಕೆಡಲಿಲ್ಲ. ಯಾರ್‍ಯಾರಿಗೆ ಕೊಟ್ಟಿದ್ದೇನೆಂದು ಅವರಿಗೆ ಚೆನ್ನಾಗಿ ನೆನಪಿತ್ತು. ಕಳೆದ ಸಲದ್ದು ದರ್ಜಿಗೆ, ಅದರ ಹಿಂದಿನದು ಬಸ್ ಡ್ರೈವರಿಗೆ, ಅದಕ್ಕೂ ಹಿಂದಿನದು ನರ್ಸಮ್ಮನಿಗೆ. ಮೂರು ಮನೆ ತಾನೇ, ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದುಕೊಂಡರು.

ದರ್ಜಿಯ ಅಂಗಡಿಯಲ್ಲಿ ಹೆಜ್ಜೆ ಇಡಲು ಜಾಗವಿಲ್ಲದಷ್ಟು ಬಟ್ಟೆಯ ತುಂಡುಗಳು. ಮೇಸ್ತ್ರಿಯನ್ನು ಕಂಡದ್ದೇ ತಡ, ದರ್ಜಿ ಮೆಷಿನ್ನಿನಿಂದ ಎದ್ದೇಬಿಟ್ಟ.

"ಅಣ್ಣಾ, ನೀವೇ ಬಂದ್ರಾ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಲಾಳಾನಾ? ಅದಿಲ್ದೆ ನಾನು ಬಟ್ಟೆಗೆ ಕತ್ತರೀನೇ ಹಾಕಲ್ಲ."

ಕತ್ತರಿಸುವ ಮೇಜಿನ ಮೇಲೆ, ಹರಡಿದ ಬಟ್ಟೆ ಸರಿಯದಂತೆ ಭಾರಕ್ಕೆ ಇಟ್ಟಿದ್ದ ಲಾಳವನ್ನು ಅವನು ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಮೇಸ್ತ್ರಿ ಬೆರಳಾಡಿಸಿದರು. ಎಲ್ಲ ಅಂಚೂ ಒಂದೇ ಸಮ, ಗಾಜಿನಷ್ಟು ನುಣುಪು.

"ಇದಕ್ಕೇನು ಮಾಡ್ದೆ ಮಾರಾಯ?"

"ಅರ ಹಾಕಿ ಉಜ್ಜಿದೆ ಅಣ್ಣ, ನಾಲ್ಕು ದಿನ. ಒಂದು ಕಡೆ ಚೂಪಾಗಿತ್ತು, ರೇಷ್ಮೆ ಹರ್‍ಕೋತಿತ್ತು. ಈಗ ನೋಡಿ ಹೇಗಿದೆ!" ದರ್ಜಿ ಮೆಚ್ಚುಗೆಗಾಗಿ ಮುಖ ನೋಡುತ್ತಾ ನಿಂತ.

"ಚೆನ್ನಾಗಿದೆ," ಎಂದರು ಮೇಸ್ತ್ರಿ. ಇನ್ನೇನು ಹೇಳುವುದು? ಚೂಪಾಗಿದ್ದದ್ದು ಯಾವ ಕಡೆ ಎಂದು ಕೇಳಿದರು. ದರ್ಜಿ ಲಾಳವನ್ನು ಹೀಗೆ ಹಾಗೆ ತಿರುಗಿಸಿ, ಕೊನೆಗೆ ತಾನೇ ನಕ್ಕ. ಎರಡೂ ತುದಿ ಒಂದೇ ಥರ ಇರುವಾಗ ಅವನಿಗಾದರೂ ಹೇಗೆ ತಿಳಿಯಬೇಕು!

ಡ್ರೈವರು ಮನೆಯಲ್ಲಿರಲಿಲ್ಲ. ಡಿಪೋದಲ್ಲಿ ರಾತ್ರಿಯವರೆಗೆ ಕಾದ ಮೇಲೆ ಅವನ ಬಸ್ಸು ಬಂತು. ಮೇಸ್ತ್ರಿ ಕೇಳುವ ಮೊದಲೇ ಕಂಡುಬಿಟ್ಟಿತು. ಎರಡು ದೀಪಗಳ ನಡುವೆ ಲಾಳ ಫಳಫಳ ಹೊಳೆಯುತ್ತಿತ್ತು. ಗ್ಯಾರೇಜಿನವರು ಅದನ್ನು ಸಾಣೆ ಚಕ್ರಕ್ಕೆ ಕೊಟ್ಟು ಸಮ ಮಾಡಿ, ಮೇಲೆ ಬೆಳ್ಳಿಯಂಥ ಲೇಪ ಹಾಕಿ, ಬೆಸುಗೆ ಹಾಕಿಬಿಟ್ಟಿದ್ದರು. ಡ್ರೈವರು ಅದರ ಮೇಲಿನ ಮಳೆನೀರನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದ. "ಆಕ್ಸಿಡೆಂಟೇ ಆಗಿಲ್ಲ ಮೇಸ್ತ್ರಿ, ಇದು ಬಂದ್ಮೇಲೆ," ಎಂದ. ಮೇಸ್ತ್ರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೈಯೋಣವೆಂದರೆ ಯಾರನ್ನು ಬೈಯುವುದು? ಅಷ್ಟು ಪ್ರೀತಿಯಿಂದ ಒರೆಸುವವನನ್ನೇ?

ನರ್ಸಮ್ಮನ ಮನೆಗೆ ಅವರು ಹೋದದ್ದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ಹೆಂಗಸು. ತಂಗಿಯ ಸಂಸಾರದ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಹನ್ನೊಂದು ರೇಸಿಗೂ ಬೇಲಿಯ ಅದೇ ಕಂಬದ ಪಕ್ಕ ನಿಂತವರು. ನಾಳೆಗೆಂದು ಬಿಳಿ ಕಾಲುಚೀಲಕ್ಕೆ ಇಸ್ತ್ರಿ ಹಾಕುತ್ತಿದ್ದರು. ಕಾಲುಚೀಲಕ್ಕೆ ಇಸ್ತ್ರಿ ಹಾಕುವವರನ್ನು ಮೇಸ್ತ್ರಿ ಕಂಡದ್ದು ಅದೇ ಮೊದಲು.

"ಅಕ್ಕನಿಗೆ ನಿನ್ನೆಯಿಂದ ಊಟ ಸೇರ್ತಿಲ್ಲ," ಎಂದಳು ತಂಗಿ. "ರೇಸು ಓಡೋದು ಕುದುರೇನೋ ಇವಳೋ!"

ಲಾಳ ಮಂಚದ ತಲೆಯ ಕಡೆ ಗೋಡೆಗೆ ತೂಗುತ್ತಿತ್ತು. ಮೇಸ್ತ್ರಿ ದೂರದಿಂದಲೇ ನೋಡಿ ಕುಸಿದರು. ಅದೂ ಸಮ.

"ನೀವೂ ಉಜ್ಜಿಸಿದ್ರಾ ನರ್ಸಮ್ಮ?"

"ತಂಗಿ ಗಂಡನ ಕಾರ್ಖಾನೇಲಿ ಮಾಡ್ಸಿದೆ. ಒಂದು ಬದಿ ತೆಳ್ಳಗೆ ಸವೆದು ವಿಕಾರವಾಗಿತ್ತು ಮೇಸ್ತ್ರಿ. ನಮ್ಮ ಹುಡುಗಿಯ ಪಾದದ್ದು ಹಾಗಿರಬಾರ್ದು ಅನ್ನಿಸ್ತು."

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಅವರು ಇರುವ ವಿಷಯವನ್ನೆಲ್ಲ ಬಿಡಿಸಿ ಹೇಳಿದರು. ಚೀಲದಿಂದ ನಿನ್ನೆಯ ಲಾಳ ತೆಗೆದು ತೋರಿಸಿದರು. ಸವೆದದ್ದು ಇದೇ ಹೊರಗಿನ ಬದಿಯೇ ಆಗಿದ್ದರೆ ಬಂದು ಡಾಕ್ಟರಿಗೆ ಅಷ್ಟು ಹೇಳಿದರೆ ಸಾಕು, ಮೂಳೆ ವಾರ್ಡಿನ ನರ್ಸಿನ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ ಎಂದರು. ನರ್ಸಮ್ಮ ಲಾಳವನ್ನು ತುಂಬಾ ಹೊತ್ತು ನೋಡಿದರು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟರು.

"ಹೇಳಿದ್ರೆ ನಾಳೆ ಅವಳು ಓಡಲ್ವಾ?"

"ಓಡಲ್ಲಮ್ಮ."

"ಮುಂದೆ?"

"ಅದು ಫೋಟೋ ನೋಡಿದ್ಮೇಲೆ. ಓಡ್ದೇ ಇದ್ರೂ ಬದುಕಿರ್ತಾಳೆ."

ನರ್ಸಮ್ಮ ಕಾಲುಚೀಲವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಡಾಕ್ಟರೇ ನೋಡಿ ಏನಿಲ್ಲ ಅಂದಿದಾರಲ್ಲ," ಎಂದರು. "ಹನ್ನೊಂದು ಸಲ ಗೆದ್ದವಳು. ಅವಳಿಗೇನಾಗತ್ತೆ? ಯಾವ ಬದಿ ಅಂತ ನನಗೆ ನೆನಪಿಲ್ಲ ಮೇಸ್ತ್ರಿ."

"ಒಂಚೂರು ಯೋಚ್ನೆ ಮಾಡಿ ನೋಡಿ ತಾಯಿ."

"ನೆನಪಿಲ್ಲ ಅಂದ್ನಲ್ಲ."

ಮೇಸ್ತ್ರಿ ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಡಾಕ್ಟರ ಮುಂದೆ ಬರಿಗೈಯಲ್ಲಿ ನಿಂತರು. ಕೈಮುಗಿದು ಬೇಡಿಕೊಂಡರು. ಡಾಕ್ಟರು ಅವರನ್ನು ಕರೆದುಕೊಂಡು ಯಜಮಾನರ ಬಳಿಗೂ ಹೋದರು. ಅದನ್ನು ಮರೆಯಬಾರದು. ಯಜಮಾನರು ಕಿಟಕಿಯಿಂದ ಹೊರಗೆ ಕೈ ತೋರಿಸಿದರು. ರೇಸಿಗೆ ಒಂದು ದಿನ ಮೊದಲೇ ಬಂದು ಗೇಟಿನ ಹೊರಗೆ ಚಾಪೆ ಹಾಸಿದ್ದ ಜನ, ಅವರ ಒಂಟಿ ಬಿಳಿ ಕಾಲುಚೀಲಗಳು. "ಇವರಿಗೆ ನೀವೇ ಹೋಗಿ ಹೇಳ್ತೀರಾ? ಒಂದು ಸವೆದ ಕಬ್ಬಿಣ ಸಿಕ್ತು, ಅದಕ್ಕೇ ಅವಳು ಓಡಲ್ಲ ಅಂತ?" ಡಾಕ್ಟರು ನೆಲ ನೋಡಿದರು. ಪಟ್ಟಿ ಬಿತ್ತು.

ಭಾನುವಾರ ಬಿಳಿಗಾಲಿ ಗೆದ್ದಳು. ಮೂರು ಕುದುರೆಯಷ್ಟು ಅಂತರದಲ್ಲಿ ಗೆದ್ದಳು. ಅವಳು ಗೆರೆ ದಾಟಿದಾಗ ಮೇಸ್ತ್ರಿ ಬೇಲಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಪಕ್ಕದವರು ಅಪ್ಪಿಕೊಂಡಾಗಲೇ ಕಣ್ಣು ಬಿಟ್ಟದ್ದು. ನನ್ನ ಲೆಕ್ಕ ತಪ್ಪಾಯಿತು, ಸದ್ಯ ತಪ್ಪಾಯಿತು ಎಂದು ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಅವಳು ವೇಗ ಇಳಿಸಿ ತಿರುಗಿ ಬರುವುದನ್ನು ಕಂಡರು. ಎಡಗಾಲನ್ನು ಊರಿದ ಕೂಡಲೇ ಎತ್ತುತ್ತಿದ್ದಳು, ಬಿಸಿ ಕಲ್ಲಿನ ಮೇಲೆ ಇಟ್ಟವರ ಹಾಗೆ. ಅಲ್ಲೇ ನಿಲ್ಲಿಸಿದ್ದರೆ, ಗಾಡಿ ತರಿಸಿದ್ದರೆ, ಇನ್ನೂ ಉಳಿಯುತ್ತಿದ್ದಳೇನೋ.

ಆದರೆ ಜನ ಆಗಲೇ ಬೇಲಿಗೆ ಒತ್ತಿಕೊಂಡು ನಿಂತಿದ್ದರು. ಅವಳು ನಡೆಯಬೇಕು, ಅವರು ನೋಡಬೇಕು. ಜಾಕಿ ಒಂದು ಕ್ಷಣ ಅನುಮಾನಿಸಿದ. ಯಜಮಾನರು ಮೇಲಿನ ಗ್ಯಾಲರಿಯಿಂದ ಕೈ ಬೀಸಿದರು. ಜನ ಅವಳ ಹೆಸರು ಕೂಗಿದರು. ಜಾಕಿ ಅವಳನ್ನು ಬೇಲಿಯ ಕಡೆಗೆ ತಿರುಗಿಸಿದ.

"ನಿಲ್ಸೋ! ಇಳಿಯೋ ಕೆಳಗೆ! ನಡೆಸ್ಬೇಡ್ವೋ!" ಮೇಸ್ತ್ರಿ ಗಂಟಲು ಹರಿಯುವಂತೆ ಅರಚಿದರು. ಸುತ್ತಲೂ ಸಾವಿರ ಗಂಟಲುಗಳು ಅರಚುತ್ತಿದ್ದವು. ಪಕ್ಕದಲ್ಲಿದ್ದ ದರ್ಜಿ ಮೇಸ್ತ್ರಿಯ ಅಬ್ಬರ ಕಂಡು ಖುಷಿಯಾಗಿ, ಅವರ ಹೆಗಲ ಮೇಲೆ ಕೈ ಹಾಕಿ ತಾನೂ ಇನ್ನಷ್ಟು ಜೋರಾಗಿ ಕೂಗಿದ.

ಬೇಲಿಯ ನಡುಭಾಗದವರೆಗೆ ಅವಳು ನಡೆದಳು. ನರ್ಸಮ್ಮ ನಿಲ್ಲುವ ಕಂಬದ ಎದುರಿಗೆ ಬಿಳಿಗಾಲು ಒಳಕ್ಕೆ ಮಡಿಸಿಕೊಂಡಿತು. ಒಣಕಟ್ಟಿಗೆ ಮುರಿದ ಸದ್ದು ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಹಸಿರು ಪರದೆ ತಂದು ಸುತ್ತಲೂ ಹಿಡಿದರು. ಡಾಕ್ಟರು ಸೂಜಿ ಹಿಡಿದು ಪರದೆಯ ಒಳಗೆ ಹೋದರು. ಅವರು ಹೊರಗೆ ಬಂದಾಗ ಎಲ್ಲ ಮುಗಿದಿತ್ತು. ಅಷ್ಟು ಜನರಿದ್ದ ಮೈದಾನದಲ್ಲಿ ಯಾರೋ ಕೆಮ್ಮಿದ್ದು ಕೇಳಿಸುತ್ತಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ಹಿಂದಿನ ಗೇಟಿನಲ್ಲಿ ಸಾಲು ಇತ್ತು. ಯಾರೂ ಏನೂ ಕೇಳಲು ಬಂದವರಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗೊತ್ತಿದ್ದ ಜಾಗಕ್ಕೆ ಬಂದಿದ್ದರು. ಸಾಲಿನ ಕೊನೆಯಲ್ಲಿದ್ದ ನರ್ಸಮ್ಮ ಮುಂದೆ ಬಂದು, ಸೆರಗಿನಡಿ ಇಟ್ಟುಕೊಂಡಿದ್ದ ಲಾಳವನ್ನು ಮೇಸ್ತ್ರಿಯ ಕೈಯಲ್ಲಿಟ್ಟರು.

"ಹೊರಗಿನ ಬದಿ ಮೇಸ್ತ್ರಿ," ಎಂದರು. "ಮೊನ್ನೆ ನೀವು ಕೇಳಿದಾಗ್ಲೇ ನೆನಪಿತ್ತು ನನಗೆ. ಇನ್ನೊಂದೇ ಒಂದು ಸಲ ನೋಡ್ಬೇಕು ಅನ್ನಿಸ್ತು."

ಮೇಸ್ತ್ರಿಗೆ ಕೆಂಡದಂಥ ಕೋಪ ಬಂತು. ಬಾಯಿಯವರೆಗೂ ಬಂದ ಮಾತು ಅಲ್ಲೇ ನಿಂತಿತು. ಇದೇ ಗೇಟಿನಲ್ಲಿ, ಇದೇ ಲಾಳವನ್ನು, ಜನ ತನ್ನನ್ನು ನೋಡುತ್ತಿದ್ದಾರೆಂದು ಬೀಗುತ್ತಾ ಈಕೆಯ ಕೈಗಿಟ್ಟವರು ಅವರೇ. ಒಮ್ಮೆ ತಿರುಗಿಸಿ ನೋಡಿದ್ದರೆ ಸಾಕಿತ್ತು.

ಅವರು ಒಳಗೆ ಹೋಗಿ, ಖಾಲಿ ಮೊಳೆಗೆ ಆ ಲಾಳವನ್ನು ತೂಗುಹಾಕಿದರು.