ಎರಡನೇ ರಿಮೋಟಿನ ವಯರು

ಅವನನ್ನು ಬಿರಡೆ ಎಂದು ಕರೆಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ, ಅವನ ಅಕ್ಕ. ಚಿಕ್ಕವನಿದ್ದಾಗ ಎಲ್ಲಿ ತೂತು ಕಂಡರೂ ಮಿಠಾಯಿಯ ಹಸಿರು ಕಾಗದ ಸುರುಳಿ ಸುತ್ತಿ ತುರುಕದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ. ಬೀಗದ ಕಿಂಡಿ, ರೇಡಿಯೋದ ಬೆನ್ನು, ಒಮ್ಮೆ ಗೊರಕೆ ಹೊಡೆಯುತ್ತಿದ್ದ ಚಿಕ್ಕಪ್ಪನ ಕಿವಿಯನ್ನೂ ಬಿಟ್ಟಿರಲಿಲ್ಲ. ಆ ಬಿರಡೆಗೆ ಈಗ ನಲವತ್ತೊಂದು ವರ್ಷ, ಲಿಫ್ಟ್ ರಿಪೇರಿ ಕೆಲಸ. ಹಾಗೆ ಕರೆಯುವವರು ಈಗ ಯಾರೂ ಉಳಿದಿಲ್ಲವಾದ್ದರಿಂದ ನಾನಾದರೂ ಕರೆಯುತ್ತೇನೆ.

ತಂತಿ ಸೇರಿದ್ದರೆ ಓಡುತ್ತದೆ, ಬಿಟ್ಟಿದ್ದರೆ ನಿಲ್ಲುತ್ತದೆ. ಇಪ್ಪತ್ತು ವರ್ಷ ಈ ಒಂದು ನಂಬಿಕೆಯ ಮೇಲೆ ಅನ್ನ ತಿಂದವನು ಅವನು. ಲಿಫ್ಟಿನ ಬಾವಿಯೊಳಗೆ ಇಳಿಯುವ ಮುಂಚೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬೋರ್ಡು ತಗುಲಿಸಿ, ಬೀಗ ಹಾಕಿ ಏನೇ ಮಾಡಿದರೂ ಯಾವನೋ ಅವಸರದವನು ಬಂದು ಸ್ವಿಚ್ಚು ಒತ್ತಬಹುದು. ಫ್ಯೂಸು ಜೇಬಿನಲ್ಲಿದ್ದರೆ ಜೀವ ಜೇಬಿನಲ್ಲಿದ್ದಂತೆ ಎನ್ನುವುದು ಅವನ ಲೆಕ್ಕ.

ಅಕ್ಕ ಹೋಗಿ ಎರಡು ತಿಂಗಳಾದ ಮೇಲೆ ಭಾವ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದರು. ಮುಚ್ಚಳಕ್ಕೆ ಅಂಟುಪಟ್ಟಿ ಹಾಕಿತ್ತು, ಅದರ ಮೇಲೆ ಅಕ್ಕನ ಗುಂಡಗಿನ ಅಕ್ಷರದಲ್ಲಿ "ಬಿರಡೆಗೆ" ಎಂದಿತ್ತು.

"ಈ ಬಿರಡೆ ಯಾರು ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಂಡೆ," ಎಂದರು ಭಾವ. "ಆಮೇಲೆ ಹೊಳೀತು. ನೀನೇ ಅಲ್ವಾ?"

ಅವನು ಹೂಂ ಎಂದ. ಒಳಗಿದ್ದದ್ದು ಹಳದಿಗೆ ತಿರುಗಿದ ಹಳೆಯ ವಿಡಿಯೋ ಗೇಮ್ ಡಬ್ಬಿ, ಒಂದೇ ಒಂದು ಕ್ಯಾಸೆಟ್ಟು, ಮೊಳದುದ್ದದ ವಯರಿನ ಎರಡು ರಿಮೋಟು. ಸಾಯುವುದಕ್ಕೆ ಮೂರು ವಾರ ಮೊದಲು ಅಕ್ಕ ಫೋನ್ ಮಾಡಿದ್ದಳು. "ಹಳೇ ಡಬ್ಬಿ ಸಿಕ್ತು ಕಣೋ. ಬಾ, ಒಂದೇ ಒಂದಾಟ ಆಡೋಣ. ನಿನಗೊಂದು ವಿಷಯ ಹೇಳೋದೂ ಇದೆ." ಅವನು ಈ ವಾರ ಆಗಲ್ಲ ಅಕ್ಕಾ ಎಂದಿದ್ದ. ಆಗುತ್ತಿತ್ತು. ಮನಸ್ಸಿರಲಿಲ್ಲ, ಅಷ್ಟೇ.

ಮನಸ್ಸಿರದಿರುವುದಕ್ಕೆ ಕಾರಣ ಮೂವತ್ತೆರಡು ವರ್ಷ ಹಳೆಯದು. ಆ ಆಟದಲ್ಲಿ ಟೋಪಿ ಹಾಕಿದ ಪುಟ್ಟ ಮನುಷ್ಯನೊಬ್ಬ ಏಣಿಯಿಂದ ಏಣಿಗೆ ಹತ್ತುತ್ತಾ ಒಂದು ಗೋಪುರದ ತುದಿ ಮುಟ್ಟಬೇಕು. ಅವನ ಸುತ್ತ ಒಂದು ಹಕ್ಕಿ ಹಾರುತ್ತಿರುತ್ತದೆ. ಮೊದಲನೇ ರಿಮೋಟು ಅಕ್ಕನದು, ಎರಡನೆಯದು ಅವನದು. "ನೀನೇ ಕಣೋ ಆ ಹಕ್ಕಿ. ನನ್ನನ್ನ ಕಾಯೋ ಕೆಲಸ ನಿಂದು," ಎನ್ನುತ್ತಿದ್ದಳು. ನಾಲ್ಕನೇ ವಯಸ್ಸಿನಿಂದ ಒಂಬತ್ತರವರೆಗೆ ಅವನು ಅಕ್ಕನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಜೀವ ಬಿಟ್ಟು ಆ ಹಕ್ಕಿಯನ್ನು ಹಾರಿಸಿದ. ಬಲಕ್ಕೆ ಮೂರು ಸುತ್ತು, ಎಡಕ್ಕೆ ಒಂದು, ಮತ್ತೆ ಮೇಲೆ. ಒಂದು ದಿನ ಗೋಲಿ ಹುಡುಕುತ್ತಾ ಟಿವಿ ಮೇಜಿನ ಹಿಂದೆ ತೆವಳಿದಾಗ ತನ್ನ ರಿಮೋಟಿನ ವಯರು ಕಂಡಿತು. ಅದರ ತುದಿ ಡಬ್ಬಿಗೆ ಸೇರಿರಲಿಲ್ಲ. ಮೇಜಿನ ಕಾಲಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿತ್ತು.

ಹಕ್ಕಿಯನ್ನು ಆಟವೇ ಹಾರಿಸುತ್ತಿತ್ತು. ಐದು ವರ್ಷ ಅವನು ಸತ್ತ ಗುಂಡಿಗಳನ್ನು ಒತ್ತಿದ್ದ. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲಾ ಕುಣಿದು, ಮೋಸಗಾತಿ ಎಂದು ಕೂಗಿ, ಇನ್ನು ನಿನ್ನ ಜೊತೆ ಸತ್ತರೂ ಆಡಲ್ಲ ಎಂದ. ಅಕ್ಕ ಅಡುಗೆಮನೆಯ ಕಡೆಗೊಮ್ಮೆ, ಅಪ್ಪನ ಕೋಣೆಯ ಕಡೆಗೊಮ್ಮೆ ನೋಡಿದಳೇ ಹೊರತು ಒಂದು ಮಾತೂ ಆಡಲಿಲ್ಲ. ಅವನು ಹಟಮಾರಿ, ಆಡಿದ ಮಾತು ಉಳಿಸಿಕೊಂಡ. ಮದುವೆ, ಮುಂಜಿ, ಆಸ್ಪತ್ರೆ ಎಂದು ಹೋಗಿ ಬಂದು ಮಾಡಿದ, ಪಕ್ಕದಲ್ಲಿ ಕೂರಲಿಲ್ಲ.

ಬಿರಡೆಯ ಮಗಳಿಗೆ ಏಳು ವರ್ಷ. ಅವಳ ಬಳಿ ಹೊಸ ಗೇಮ್ ಇತ್ತು. ಚಿತ್ರವೆಂದರೆ ಮುಟ್ಟಬೇಕೆನ್ನಿಸುವಂಥ ಚಿತ್ರ, ಕಿವಿಗೆ ಹೆಡ್‌ಫೋನು, ಎಲ್ಲೆಲ್ಲೋ ಇರುವ ಮಕ್ಕಳ ಜೊತೆ ಮಾತಾಡುತ್ತಾ ಆಡಬಹುದಿತ್ತು. ಹಳೆಯದನ್ನು ಅವನು ಒಂದು ಭಾನುವಾರ ಟಿವಿಗೆ ಸುಮ್ಮನೆ ಸೇರಿಸಿದ್ದ, ಇನ್ನೂ ಉಸಿರಿದೆಯಾ ನೋಡೋಣವೆಂದು. ವಾರ ಕಳೆಯುವುದರೊಳಗೆ ಹೊಸದರ ಮೇಲೆ ಧೂಳು ಕೂತಿತ್ತು. ಮಗಳು ಶಾಲೆಯಿಂದ ಬಂದವಳೇ ಹಳೆಯದರ ಮುಂದೆ ಕೂರುತ್ತಿದ್ದಳು. ಮೊದಲನೇ ರಿಮೋಟು ಅವಳ ಕೈಯಲ್ಲಿ. ಎರಡನೆಯದು ಪಕ್ಕದ ದಿಂಬಿನ ಮೇಲೆ, ವಯರು ಸುತ್ತಿಟ್ಟ ಹಾಗೇ.

"ಅಂಥಾದ್ದೇನಿದೆ ಪುಟ್ಟಿ ಅದ್ರಲ್ಲಿ?" ಎಂದು ಕೇಳಿದ. "ಚೌಕ ಚೌಕ ಮನುಷ್ಯ, ಕಿರ್ ಕಿರ್ ಸದ್ದು."

"ಹೊಸದ್ರಲ್ಲಿ ಎಲ್ರೂ ದೂರ ಇರ್ತಾರೆ ಅಪ್ಪಾ. ಇದ್ರಲ್ಲಿ ವಯರು ಗಿಡ್ಡ ಅಲ್ವಾ, ಪಕ್ಕದಲ್ಲೇ ಕೂತ್ಕೋಬೇಕು."

"ಯಾರು ಕೂತ್ಕೋಬೇಕು?"

ಮಗಳು ದಿಂಬಿನ ಕಡೆ ನೋಡಿ ನಕ್ಕಳು, ಇಬ್ಬರಿಗೆ ಮಾತ್ರ ಗೊತ್ತಿರುವ ತಮಾಷೆಗೆ ನಗುವ ಹಾಗೆ. ದಿಂಬಿನ ನಡುವೆ ತಗ್ಗು ಬಿದ್ದಿತ್ತು. ಅವನು ತಟ್ಟಿ ಸರಿಮಾಡಿದ. ಟಿವಿಯಲ್ಲಿ ಪುಟ್ಟ ಮನುಷ್ಯ ಏಣಿಯ ಬುಡದಲ್ಲಿ ನಿಂತಿದ್ದ, ಹಕ್ಕಿ ಅವನ ಟೋಪಿಯ ಮೇಲೆ ಕೂತಿತ್ತು.

ಆ ಹಕ್ಕಿ ಕೂರುವ ಹಕ್ಕಿಯಲ್ಲ. ಅದರ ದಾರಿ ಅವನಿಗೆ ಬಾಯಿಪಾಠ: ಬಲಕ್ಕೆ ಮೂರು, ಎಡಕ್ಕೆ ಒಂದು, ಮತ್ತೆ ಮೇಲೆ. ಅದು ಕೂತದ್ದನ್ನು ಅವನು ಐದು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಮಗಳ ಹೆಗಲು ಹಿಡಿದು ಎಬ್ಬಿಸಲು ಹೋದರೆ ದಿಂಬಿನ ಕಡೆಗಿದ್ದ ಅವಳ ಎಡಗೈ ಫ್ರಿಜ್ಜಿನಿಂದ ತೆಗೆದಂತಿತ್ತು. ಬಲಗೈ ಬೆಚ್ಚಗೇ ಇತ್ತು.

ಮಾರನೇ ದಿನ ಕೆಲಸಕ್ಕೆ ಹೊರಟಾಗ ಬಿರಡೆ ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ಡಬ್ಬಿಯ ಅಡಾಪ್ಟರು ಕಿತ್ತು ಜೇಬಿಗೆ ಹಾಕಿಕೊಂಡ. ಸಂಜೆ ಹತ್ತು ಮಹಡಿಯ ಕಟ್ಟಡದ ತುದಿಯಲ್ಲಿ, ಲಿಫ್ಟಿನ ಮೋಟಾರ್ ಕೋಣೆಯಲ್ಲಿ, ಎಣ್ಣೆ ಕೈ ಒರೆಸಿಕೊಳ್ಳುತ್ತಾ ಮನೆಗೆ ಫೋನ್ ಮಾಡಿದ. ಹೆಂಡತಿ ಮನೆಯಲ್ಲೇ ಕಿಟಕಿ ಪರದೆ ಹೊಲಿಯುವವಳು. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಪುಟ್ಟಿ ಏನ್ಮಾಡ್ತಿದ್ದಾಳೆ?"

"ಇನ್ನೇನು, ಅದೇ ಆಟ. ಒಬ್ಬಳೇ ಬಿದ್ದು ಬಿದ್ದು ನಗ್ತಿದ್ದಾಳೆ. ಆ ಕಿರ್ ಕಿರ್ ಸದ್ದು ಕೇಳಿ ಕೇಳಿ ನನ್ನ ತಲೆ ಸಿಡೀತಿದೆ ಕಣ್ರೀ, ಬಂದು ನೀವೇ ನಿಲ್ಸಿ."

ಅವನು ಜೇಬಿಗೆ ಕೈ ಹಾಕಿ ನೋಡಿದ. ಅಡಾಪ್ಟರು ಇತ್ತು. ಕೈಗೆ ಬಿಸಿ ತಾಗಿತು, ಗಂಟೆಗಟ್ಟಲೆ ಕರೆಂಟು ಹರಿದಾಗ ಆಗುವಷ್ಟು ಬಿಸಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ಅರ್ಧ ಕೆಲಸ ಬಿಟ್ಟು ಮನೆಗೆ ಓಡಿದ, ಅದೂ ಮೆಟ್ಟಿಲಲ್ಲಿ.

ಮಗಳು ಕತ್ತೆತ್ತದೆ ಮಾತಾಡಿದಳು. "ಇನ್ನೊಂದೇ ಏಣಿ ಅಪ್ಪಾ. ಮೇಲೆ ಬಾಗಿಲಿದೆ. ಒಬ್ರೇ ಹೋದ್ರೆ ತೆಗೆಯಲ್ಲ, ಇಬ್ರು ಬೇಕು. ನಾಳೆ ನಾನೂ ಅತ್ತೆಯೂ ಹೋಗ್ತೀವಿ."

"ಯಾವ ಅತ್ತೆ?"

"ನಿನ್ನನ್ನ ಬಿರಡೆ ಅಂತಾಳಲ್ಲ, ಆ ಅತ್ತೆ."

ಪೆಟ್ಟಿಗೆಯ ಅಂಟುಪಟ್ಟಿಯನ್ನು ಅವನು ಅಂದೇ ಕಿತ್ತು ತನ್ನ ಸಾಮಾನಿನ ಚೀಲದಲ್ಲಿ ಇಟ್ಟುಕೊಂಡಿದ್ದ. ಮಗಳ ಮುಂದೆ ಆ ಹೆಸರು ಯಾರೂ ಎತ್ತಿರಲಿಲ್ಲ.

"ಬಾಗಿಲೊಳಗೆ ಹೋದ್ಮೇಲೆ?" ಎಂದು ಮೆಲ್ಲಗೆ ಕೇಳಿದ.

"ಹೋದ್ಮೇಲೆ ಊಟಕ್ಕೆ ಬರೋಕಾಗಲ್ವಂತೆ. ನೀನು ಬರ್ಬೇಡ ಪುಟ್ಟಿ ಅಂತಾಳೆ ಅತ್ತೆ." ಮಗಳು ಸ್ವಲ್ಪ ಯೋಚಿಸಿದಳು. "ಆದ್ರೆ ಗಟ್ಟಿಯಾಗಿ ಅನ್ನಲ್ಲ. ಅವಳಿಗೆ ಒಬ್ಬಳೇ ಹೋಗೋಕೆ ಭಯ ಅಪ್ಪಾ. ನಾನೇ ಬರ್ತೀನಿ ಅಂದಿದ್ದೀನಿ."

ಡಬ್ಬಿಯನ್ನು ಎತ್ತಿ ಕಲ್ಲಿನ ಮೇಲೆ ಕುಕ್ಕಬಹುದಿತ್ತು. ಅವನು ಕೈ ಎತ್ತಿಯೂ ಎತ್ತಿದ. ಆದರೆ ಅಲ್ಲಿದ್ದವಳು ಯಾವುದೋ ದೆವ್ವವಲ್ಲ, ಅಕ್ಕ. ಸತ್ತಾಗಿನಿಂದ ಒಬ್ಬಳೇ ಏಣಿಯ ಬುಡದಲ್ಲಿ ಕೂತಿದ್ದಳು. ಮಗಳ ಮೇಲಿನ ಭಯ ಒಂದು ಕಡೆ, ಅಕ್ಕನ ಮೇಲಿನ ಕರುಳು ಒಂದು ಕಡೆ, ನಡುವೆ ಅವನಿಗೆ ಅಳು ಬಂತು. ಕರೆದದ್ದು ತನ್ನನ್ನು; ಹೋಗದೇ ಇದ್ದವನು ತಾನು. ತನ್ನ ಜಾಗದಲ್ಲಿ ಮಗು ಕೂತಿದೆ ಎಂಬುದು ಅವನಿಗೆ ಸ್ಪಷ್ಟವಾಯಿತು.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ, ಮಗಳನ್ನು ಶಾಲೆಗೆ ಬಿಟ್ಟು ಬಂದು ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಮುಂದೆ ಕೂತ. ಇಂದು ತಾನು ಆಡುವವನು, ಅದೂ ನಿಜವಾಗಿ ಆಡುವವನು. ಎರಡನೇ ರಿಮೋಟು ಸರಿಯಾಗಿ ಸೇರಬೇಕು. ಸೇರಿಸಲು ಹೋದರೆ ಸಾಕೆಟ್ಟಿನೊಳಗೆ ಪಿನ್ನು ಹೋಗಲೇ ಇಲ್ಲ, ಏನೋ ಅಡ್ಡ ಇತ್ತು. ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು, ಇಕ್ಕಳದಿಂದ ಎಳೆದ. ಅರ್ಧ ಮುರಿದ ಹೇರ್‌ಪಿನ್ ಬಂತು. ಅದರ ಸುತ್ತ ಬಿಗಿಯಾಗಿ ಸುತ್ತಿದ್ದ ಮಿಠಾಯಿ ಕಾಗದವೂ ಬಂತು. ಹಸಿರು.

ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಮತ್ತೆ ಒಳಗೆ ಟಾರ್ಚು ಬಿಟ್ಟ. ಸಾಕೆಟ್ಟಿನ ಎರಡು ಹಲ್ಲು ಮುರಿದಿದ್ದವು. ಡಬ್ಬಿ ಮನೆಗೆ ಬಂದ ಹೊಸತರಲ್ಲೇ, ನಾಲ್ಕು ವರ್ಷದ ಬಿರಡೆ ಹೇರ್‌ಪಿನ್ನಿಗೆ ಕಾಗದ ಸುತ್ತಿ ತುರುಕಿ ತನ್ನ ಕೈಚಳಕ ತೋರಿಸಿದ್ದ. ಅಪ್ಪನ ಕೈ ಬಾಯಿಗಿಂತ ಮುಂದಿತ್ತು. ಗೊತ್ತಾಗಿದ್ದರೆ ಬೆನ್ನಿನ ಚರ್ಮ ಸುಲಿಯುತ್ತಿದ್ದರು. ಹಾಗಾಗಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ವಯರಿನ ತುದಿಯನ್ನು ಮೇಜಿನ ಕಾಲಿಗೆ ಕಟ್ಟಿ, ನೀನೇ ಕಣೋ ಆ ಹಕ್ಕಿ ಎಂದು ಹೇಳಿದ್ದಳು. ಅಪ್ಪ ಪಕ್ಕದ ಕೋಣೆಯಲ್ಲಿದ್ದಾಗ ಮೋಸಗಾತಿ ಎನ್ನಿಸಿಕೊಂಡರೂ ಬಾಯಿ ಬಿಟ್ಟಿರಲಿಲ್ಲ. ಹೇಳಬೇಕೆಂದಿದ್ದ ವಿಷಯ ಇದೇ ಇರಬೇಕು. ಕೇಳುವವನಿಗೆ ಆ ವಾರ ಪುರುಸೊತ್ತಿರಲಿಲ್ಲ.

ಹಲ್ಲುಗಳಿಗೆ ಬೆಸುಗೆ ಹಾಕಿ, ಮುಚ್ಚಳ ಕೂರಿಸಿ, ಅಡಾಪ್ಟರನ್ನೂ ಎರಡು ರಿಮೋಟನ್ನೂ ಸೇರಿಸುವ ಹೊತ್ತಿಗೆ ಶಾಲೆ ಬಿಡುವ ಸಮಯವಾಗಿತ್ತು. ಮಗಳನ್ನು ಕರೆದು ತಂದು ಹೊಲಿಗೆ ಯಂತ್ರದ ಪಕ್ಕ ಹೆಂಡತಿಯ ತೊಡೆಯ ಮೇಲೆ ಕೂರಿಸಿದ. "ಇವಳನ್ನ ಬಿಡ್ಬೇಡ, ಏನೇ ಆದ್ರೂ ಬಿಡ್ಬೇಡ," ಎಂದ. ಅವನ ಮುಖ ನೋಡಿ ಹೆಂಡತಿ ಮಗಳನ್ನು ಒಂದು ಕೈಯಲ್ಲಿ ಬಳಸಿ ಹಿಡಿದೇ ಹೊಲಿಗೆ ಮುಂದುವರಿಸಿದಳು.

ಮೊದಲನೇ ರಿಮೋಟನ್ನು ದಿಂಬಿನ ಮೇಲಿಟ್ಟ. ಎರಡನೆಯದನ್ನು ಹಿಡಿದು ಪಕ್ಕದಲ್ಲಿ ಕೂತ.

"ಬಂದೆ ಅಕ್ಕಾ," ಎಂದ. "ತಡ ಆಯ್ತು. ಜೊತೆಗೆ ಒಬ್ರು ಬೇಕಿದ್ರೆ ನಾನಿದ್ದೀನಿ. ಮಗುನ ಬಿಟ್ಬಿಡು."

ದಿಂಬು ಮೆಲ್ಲಗೆ ತಗ್ಗಿತು. ರಿಮೋಟಿನ ಗುಂಡಿ ತಾನಾಗಿ ಒಳಹೋಗಿ ಟಕ್ಕೆಂದಿತು. ಟಿವಿಯಲ್ಲಿ ಹಕ್ಕಿ ಇರಲಿಲ್ಲ. ಟೋಪಿಯವನ ಪಕ್ಕದಲ್ಲಿ ಇನ್ನೊಬ್ಬ ಟೋಪಿಯವನು ನಿಂತಿದ್ದ, ಆ ಮನೆಯಲ್ಲಿ ಯಾರೂ ಎಂದೂ ಕಾಣದ ಎರಡನೆಯವನು. ಬಿರಡೆ ಗುಂಡಿ ಒತ್ತಿದ, ಆ ಎರಡನೆಯವನು ಜಿಗಿದ. ನಲವತ್ತೊಂದು ವರ್ಷದ ಗಂಡಸಿನ ಗಂಟಲಿನಿಂದ ಒಂದು ನಗು ಹೊರಬಿತ್ತು. ಎಷ್ಟೋ ವರ್ಷವಾಗಿತ್ತು ಹಾಗೆ ನಕ್ಕು.

ಹತ್ತಿದರು. ಅವನು ತಪ್ಪಿದಲ್ಲೆಲ್ಲಾ ಅಕ್ಕನ ಮನುಷ್ಯ ನಿಂತು ಕಾದ. ಎಡ ಮೊಣಕಾಲಿಗೆ ಇನ್ನೊಂದು ಮೊಣಕಾಲು ತಾಗಿದ ಹಾಗಿತ್ತು, ತಣ್ಣಗೆ. ಆ ತಂಪು ತೊಡೆಗೆ ಏರಿತು, ಸೊಂಟಕ್ಕೆ ಏರಿತು. ಕೊನೆಯ ಏಣಿಯ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ದೂರದ ಬೀದಿಯಿಂದ ಬಂದಂತೆ ಕೇಳುತ್ತಿತ್ತು. ಮಗಳು ಅಪ್ಪಾ ಎಂದು ಕೂಗಿದ್ದೂ ಕೇಳಿಸಿತು. ತಿರುಗಿ ನೋಡಲು ಕತ್ತು ಬಗ್ಗಲಿಲ್ಲ. ಹೆದರಿಕೆಯೂ ಇರಲಿಲ್ಲ. ಕಪ್ಪು ಬಾಗಿಲು ತೆರೆದಿತ್ತು. ಅಕ್ಕನ ಮನುಷ್ಯ ಹೊಸ್ತಿಲಲ್ಲಿ ನಿಂತು ಅವನ ಕಡೆ ತಿರುಗಿದ. ಬಿರಡೆ ಮುಂದಕ್ಕೆ ಹೋಗುವ ಗುಂಡಿ ಒತ್ತಿದ.

ಅವನ ಮನುಷ್ಯ ಅಲುಗಲಿಲ್ಲ.

ಮತ್ತೆ ಒತ್ತಿದ. ನೋಡುತ್ತಿದ್ದ ಹಾಗೇ ಆ ಎರಡನೆಯವನು ಮಾಯವಾದ, ಅವನಿದ್ದ ಜಾಗದಿಂದ ಹಕ್ಕಿ ಹಾರಿತು. ಬಿರಡೆ ಕಷ್ಟಪಟ್ಟು ಕಣ್ಣು ಕೆಳಗಿಳಿಸಿದ. ಆಗಷ್ಟೇ ಅವನೇ ಬಿಗಿಯಾಗಿ ಕೂರಿಸಿದ್ದ ಪಿನ್ನು ಸಾಕೆಟ್ಟಿನಿಂದ ಹೊರಬಂದು ನೆಲದ ಮೇಲೆ ಬಿದ್ದಿತ್ತು. ವಯರನ್ನು ಯಾರೋ ನೀಟಾಗಿ ಸುತ್ತಿ ಮೇಜಿನ ಕಾಲಿನ ಪಕ್ಕ ಇಟ್ಟಿದ್ದರು.

ಅವನ ಕಾಲಿಗೆ ಬಿಸಿ ಮರಳತೊಡಗಿತು. ಟಿವಿಯಲ್ಲಿ ಅಕ್ಕ ಇನ್ನೂ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಹಕ್ಕಿ ಅವಳ ಸುತ್ತ ಬಲಕ್ಕೆ ಮೂರು ಸುತ್ತು ಹಾಕಿತು, ಎಡಕ್ಕೆ ಒಂದು. ಬಿರಡೆಗೆ ಎಲ್ಲವೂ ಅರ್ಥವಾಯಿತು: ಅಂದು ಅಪ್ಪನಿಂದ ಉಳಿಸಿದ ಹಾಗೇ ಇಂದು ಆ ಬಾಗಿಲಿನಿಂದ ಅವನನ್ನು ಉಳಿಸಿದ್ದಳು, ಜೊತೆಗೆ ಬರಲು ಅವಳಿಗೆ ಆ ಹಕ್ಕಿ ಸಾಕಿತ್ತು. ಕಣ್ಣೀರು ಒರೆಸಿಕೊಳ್ಳದೆ, ಎಲ್ಲಿಗೂ ಸೇರದ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು, ನಾಲ್ಕು ವರ್ಷದವನಿದ್ದಾಗ ಒತ್ತುತ್ತಿದ್ದ ಹಾಗೇ ಗುಂಡಿಗಳನ್ನು ಒತ್ತಿದ, ಹಕ್ಕಿ ಅವಳ ಹಿಂದೆಯೇ ಬಾಗಿಲು ದಾಟುವವರೆಗೂ.