ಕೆಂಪಲ್ಲದ ಎಣ್ಣೆ

"ಇದಕ್ಕ ಬ್ಯಾರೆ ಎಣ್ಣಿ ಏನರ ಹಾಕಿದ್ರೇನ್ರಿ, ಕಾಕಾ?"

ಮೇಲೆತ್ತಿ ನಿಲ್ಲಿಸಿದ್ದ ಕಾರಿನ ಅಡಿಯಿಂದ ಸಿದ್ದಾರೂಢ ಕೇಳಿದ. ಅವನ ಕೈಯಲ್ಲಿದ್ದ ತಟ್ಟೆಯೊಳಗೆ ಗೇರ್‌ಬಾಕ್ಸಿನಿಂದ ಇಳಿದ ಎಣ್ಣೆ ತುಂಬುತ್ತಿತ್ತು. ಗ್ಯಾರೇಜಿನ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಜಿನಗೊಂಡ ತನ್ನ ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ ಸ್ವಲ್ಪ ಸರಿಸಿಟ್ಟ. ಕಾಲು ಮೊದಲಿದ್ದಲ್ಲೇ ಸರಿಯಾಗಿತ್ತು.

"ಇಲ್ಲಪಾ. ನಾ ಏನ ಹಾಕ್ಲಿ," ಎಂದ.

ಪಕ್ಕದ ಕುರ್ಚಿಯಲ್ಲಿ ಊಟದ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದ ಮಾಣಿಕಬಾಯಿ ಗಂಡನ ಮುಖವನ್ನೊಮ್ಮೆ ನೋಡಿ, ಹೊರಗೆ ಶಿರೋಳಿಯ ಫೌಂಡ್ರಿಗಳ ಕಡೆ ಹೋಗುತ್ತಿದ್ದ ಟ್ರಕ್ಕುಗಳನ್ನು ನೋಡತೊಡಗಿದಳು.

ಮೂರನೆಯ ವರ್ಷದಲ್ಲಿ ಬಂದ ಜ್ವರ ಜಿನಗೊಂಡನ ಎಡಗಾಲನ್ನು ಒಣಗಿಸಿ ಹೋಗಿತ್ತು. ಕೊರೋಚಿಯಲ್ಲಿ ಹನ್ನೆರಡು ವಿದ್ಯುತ್ ಮಗ್ಗಗಳ ಶೆಡ್ಡಿನ ಮಾಲೀಕನಾದರೂ, ಐವತ್ನಾಲ್ಕು ವರ್ಷದವರೆಗೆ ಅವನು ಎಲ್ಲಿಗೆ ಹೋದರೂ ಇನ್ನೊಬ್ಬರ ಹಿಂದೆ ಕುಳಿತೇ ಹೋದವನು. ಸೈಕಲ್ಲಿನ ಕ್ಯಾರಿಯರ್ ಮೇಲೆ, ತಮ್ಮನ ಸ್ಕೂಟರಿನ ಹಿಂದೆ, ನೂಲಿನ ಟೆಂಪೋದಲ್ಲಿ. ಊರಿನ ಅರ್ಧ ಗಂಡಸರ ಬೆನ್ನುಗಳು ಅವನಿಗೆ ಮುಖಕ್ಕಿಂತ ಹೆಚ್ಚು ಪರಿಚಯ. ಎಂಟು ವರ್ಷಗಳ ಹಿಂದೆ ಕೊಲ್ಹಾಪುರದ ಒಬ್ಬ ಡಾಕ್ಟರರು ತಮ್ಮ ಹಳೆಯ ಜರ್ಮನ್ ಕಾರು ಮಾರುತ್ತಾರೆಂದು ಗೊತ್ತಾಗಿ ನೋಡಲು ಹೋಗಿದ್ದ. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ ಎಂದು ಡಾಕ್ಟರರು ಹೇಳಿದಾಗ ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ. ಕಲಿತದ್ದು ಊರ ಹೊರಗಿನ ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ. ಅಂದಿನಿಂದ ಅವನು ಯಾರ ಹಿಂದೆಯೂ ಕುಳಿತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಅಂಗಳದ ಫರಸಿಗಲ್ಲಿನ ಮೇಲೆ, ಕಾರು ನಿಲ್ಲುವಲ್ಲಿ, ಎಣ್ಣೆಯ ಹನಿಗಳು ಕಾಣಿಸಿಕೊಂಡವು. ಇಚಲಕರಂಜಿಯ ಮೆಕ್ಯಾನಿಕನೊಬ್ಬ ಬಗ್ಗಿ ನೋಡದೆ, "ಗೇರಿನ ಎಣ್ಣಿ. ಕೆಂಪದು ಯಾವದರ ಒಂದ ತಂದ ಹಾಕ್ರಿ," ಎಂದುಬಿಟ್ಟ. ಜಿನಗೊಂಡನಿಗೆ ಅದು ಒಪ್ಪಿಗೆಯಾಗಲಿಲ್ಲ. ನಲವತ್ತು ವರ್ಷ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ಮಗ್ಗಗಳಿಗೆ ಎಣ್ಣೆ ಆರಿಸಿದವನು ಅವನು. ಕಲಬೆರಕೆ ಮಾಲು ತಂದ ವ್ಯಾಪಾರಿಗಳು ಅವನು ಬೆರಳು ಮುಂದೆ ಮಾಡಿದರೆ ಮಾತು ಬದಲಿಸುತ್ತಿದ್ದರು. ಫರಸಿಯ ಮೇಲಿನ ಹನಿಯನ್ನು ಮುಟ್ಟಿ ನೋಡಿದ. ಕೆಂಪಿರಲಿಲ್ಲ. ತಿಳಿ ಹಳದಿ, ತೆಳು, ಅಂಟಿಲ್ಲ. ತನ್ನ ಮಗ್ಗಕ್ಕೆ ಹಾಕುವ ಎಣ್ಣೆಯಂತೆಯೇ ಇತ್ತು. ಯಾರಿಗೂ ಹೇಳದೆ, ಗೇರಿನ ಎಣ್ಣೆ ಹಾಕುವ ಮೇಲಿನ ಕೊಳವೆಗೆ ಲಾಳಿಕೆ ಇಟ್ಟು ಒಂದು ಲೀಟರು ಮಗ್ಗದ ಎಣ್ಣೆ ಸುರಿದ. ಹದಿನೈದು ದಿನ ಬಿಟ್ಟು ಮತ್ತೆ ಅರ್ಧ.

ಹೋದ ಭಾನುವಾರ ಗಡಹಿಂಗ್ಲಜದಲ್ಲಿರುವ ಮಗಳು ರುಪಾಲಿಯ ಮನೆಗೆ ಹೊರಟಾಗ, ಊರು ಇನ್ನೇನು ಬಂತು ಎನ್ನುವಾಗಿನ ಏರಿನಲ್ಲಿ ಎಂಜಿನ್ನು ಕೂಗಿತು, ಕಾರು ಮಾತ್ರ ಹೋಗಲಿಲ್ಲ. ಹಿಂದಿನಿಂದ ಎಸ್‌ಟಿ ಬಸ್ಸಿನವನು ಹಾರ್ನು ಒತ್ತುತ್ತಲೇ ಇದ್ದ. ಹೇಗೋ ತೆವಳಿಸಿಕೊಂಡು ಹಿಂತಿರುಗಿ, ಈಗ ಹಾಗೆಯೇ ಶಿರೋಳಿಯ ಈ ಗ್ಯಾರೇಜಿಗೆ ತಂದಿದ್ದ. ಗೇರ್‌ಬಾಕ್ಸ್ ಹೋದರೆ ಇಷ್ಟು ಹಳೆಯ ಕಾರನ್ನು ಯಾರೂ ರಿಪೇರಿ ಮಾಡುವುದಿಲ್ಲ, ಅದು ಗುಜರಿಗೇ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಇನ್ನೊಂದು ಕಾರು ಕೊಳ್ಳುವಷ್ಟು ಈಗ ಮಗ್ಗಗಳು ನಡೆಯುತ್ತಿರಲಿಲ್ಲ. ಮತ್ತೆ ಯಾರದಾದರೂ ಬೆನ್ನು ನೋಡುತ್ತ ಹೋಗಬೇಕು.

ಸಿದ್ದಾರೂಢ ಹಳೆ ಎಣ್ಣೆಯ ತಟ್ಟೆಯನ್ನು ಬೆಳಕಿಗೆ ಹಿಡಿದು ವಾಸನೆ ನೋಡಿದ. ಪುಣೆಯ ಜರ್ಮನ್ ಕಾರುಗಳ ವರ್ಕ್‌ಶಾಪಿನಲ್ಲಿ ಹದಿನಾರು ವರ್ಷ ದುಡಿದು ಬಂದು ಇಲ್ಲಿ ಸ್ವಂತ ಗ್ಯಾರೇಜು ಇಟ್ಟವನು. ಈ ಮರಾಠಿ ಸೀಮೆಯಲ್ಲಿ ಕನ್ನಡದವರು ಬಂದರೆ ಅವನ ಮಾತು ಸ್ವಲ್ಪ ಜಾಸ್ತಿಯೇ.

"ಸುಟ್ಟ ವಾಸನಿ ಇನ್ನೂ ಬಂದಿಲ್ಲ. ಒಳಗಿನ ಪ್ಲೇಟ ಉಳದಾವು ಅನಸ್ತೈತಿ. ಆದರ ಗೇರ ಹಿಂಗ್ಯಾಕ ಜಾರಾಕತ್ತೈತಿ ಅಂತ ಬಗಿಹರಿವಲ್ದು."

"ಹಳೇದಾಗೇತೆಲ್ಲ," ಎಂದ ಜಿನಗೊಂಡ.

"ಹಳೇದಾದ್ರ ಕರ್ರಗ ಆಗ್ಬೇಕಲ್ರಿ. ಇದ ನೋಡಿದ್ರ ನೀರಾಗೇತಿ."

ಮಾಣಿಕಬಾಯಿ ಹೊರಗೆ ನೋಡುತ್ತಲೇ ಹೇಳಿದಳು, "ನಿಮ್ಮ ಕಾಕಾಗ ಕೇಳ್ರಿ. ಎಣ್ಣಿ ವಿಚಾರ ನಮ್ಮೂರಾಗ ಅವ್ರ ಹೇಳಿದ್ರ ಮುಗೀತು. ಒಗ್ಗರಣಿ ಎಣ್ಣಿನೂ ಬೆರಳಲೆ ತಿಕ್ಕಿನ ತರ್ತಾರ."

"ನೀ ಸುಮ್ನಿರ ಸ್ವಲ್ಪ."

"ಸುಮ್ನ ಕುಂತೇನಲ್ಲ. ಎರಡ ತಾಸಾತು."

ಸಿದ್ದಾರೂಢ ನಗುತ್ತ ಗೋಡೆಯ ಕಪಾಟಿನಿಂದ ಎರಡು ಬಗೆಯ ಡಬ್ಬಿ ತಂದು ಮೇಜಿನ ಮೇಲಿಟ್ಟ. ಒಂದರೊಳಗಿನದು ಕೆಂಪು. ಇನ್ನೊಂದರ ಮೇಲೆ ಅಂಗೈಯಗಲದ ಚೀಟಿ, ಅದರ ತುಂಬ ಸಣ್ಣ ಅಕ್ಷರದ ನಂಬರುಗಳು. ಗೇರ್‌ಬಾಕ್ಸಿನ ಮೇಲೆ ಒತ್ತಿದ್ದ ನಂಬರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದ. ಅದನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿ ಕೆಂಪು ಡಬ್ಬಿಯನ್ನು ದೂರ ಸರಿಸಿದ.

"ಇಲ್ಲಿ ಮಂದಿ ಎಲ್ಲಾಕ್ಕೂ ಕೆಂಪದ ಹಾಕ್ತಾರ. ನಿಮ್ಮ ಗಾಡಿಗಿ ಕೆಂಪ ಅಲ್ಲ, ಈ ಹಳದಿದ. ನಿಮಗ ಯಾರೂ ಕೆಂಪ ಹಾಕ್ರಿ ಅಂದಿದ್ದಿಲ್ಲೇನು?"

"ಅಂದಿದ್ದ ಒಬ್ಬಾವ. ನಾ ಕೇಳಲಿಲ್ಲ."

"ಚೊಲೋ ಮಾಡಿದ್ರಿ ಕಾಕಾ. ನಿಮಗ ತಿಳೀತೈತಿ."

ಆ ಮಾತು ಜಿನಗೊಂಡನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವನು ಕೋಲೂರಿ ಎದ್ದು ಮೇಜಿನ ಹತ್ತಿರ ಬಂದ. ಹಳದಿ ಎಣ್ಣೆಯ ಡಬ್ಬಿಯ ಬಾಯಲ್ಲಿದ್ದ ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದ. ತೆಳು. ಅಂಟಿಲ್ಲ. ಮತ್ತೊಮ್ಮೆ ತಿಕ್ಕಿದ. ಕಣ್ಣು ಮುಚ್ಚಿ ತಿಕ್ಕಿದ. ಈಗಲೂ ಬೆರಳುಗಳು ಅದೇ ಮಾತು ಹೇಳುತ್ತಿದ್ದವು: ಇದು ಮಗ್ಗದ ಎಣ್ಣೆಯಂತೆಯೇ ಇದೆ.

"ಎಷ್ಟ ಸಲ ಇಳಿಸಿ ಹಾಕ್ತಿ?" ಎಂದು ಕೇಳಿದ.

"ಒಂದ ಸಲ ಸಾಕ್ರಿ. ಇಳಿಸಿದ್ರ ಅರ್ಧನ ಬರ್ತೈತಿ, ಉಳಿದದ್ದು ಒಳಗ ಕುಂತಿರ್ತೈತಿ. ಅದೂ ಇದ ಜಾತೀದ, ಏನ ಆಗೂದಿಲ್ಲ. ಬ್ಯಾರೆ ಬೆರತಿದ್ರ ಮಾತ್ರ ಹಾಕಿ, ಓಡಿಸಿ, ಮತ್ತ ಇಳಿಸಿ, ಹಿಂಗ ಮೂರ ಸಲ ತೊಳೀಬೇಕಾಗ್ತಿತ್ತ." ಸಿದ್ದಾರೂಢ ಕೊಳವೆಗೆ ಲಾಳಿಕೆ ಸಿಕ್ಕಿಸಿ ಡಬ್ಬಿ ಎತ್ತಿದ.

ಜಿನಗೊಂಡ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡ.

"ತಡಿ, ಸಿದ್ದಾರೂಢ."

ಡಬ್ಬಿ ಅಲ್ಲೇ ನಿಂತಿತು.

"ಹಾಕೇನಿ. ಒಂದೂವರಿ ಲೀಟರ."

"ಏನ ಹಾಕೀರಿ?"

"ಮಗ್ಗದ ಎಣ್ಣಿ."

ಪಕ್ಕದ ಕಾರಿನ ಚಕ್ರ ಬಿಚ್ಚುತ್ತಿದ್ದ ಆಳು ತಲೆ ಎತ್ತಿ ನೋಡಿ ಮತ್ತೆ ಬಗ್ಗಿದ. ಸಿದ್ದಾರೂಢ ಡಬ್ಬಿಯನ್ನು ಕೆಳಗಿಟ್ಟು ಬಟ್ಟೆಯ ಚೂರಿನಿಂದ ನಿಧಾನವಾಗಿ ಕೈ ಒರೆಸಿಕೊಂಡ. ನಗುತ್ತಾನೆಂದು ಜಿನಗೊಂಡ ಕಾದಿದ್ದ. ಅವನು ನಗಲಿಲ್ಲ.

"ಹೌದ್ರಿ, ಬಣ್ಣ ಒಂದ, ತೆಳುವೂ ಒಂದ," ಎಂದ. "ಬೆರಳಿಗಿ ಫರಕ ತಿಳಿಯೂದಿಲ್ಲ. ನನಗೂ ತಿಳಿಯೂದಿಲ್ಲ, ಅದಕ್ಕ ನಂಬರ ನೋಡ್ತೇನಿ. ನಿಮ್ಮ ಎಣ್ಣಿಗಿ ಜಾರಸೂದ ಒಂದ ಗೊತ್ತ, ಕಾಕಾ. ಇದಕ್ಕ ಹಿಡಿಯೂದೂ ಗೊತ್ತಿರ್ತೈತಿ. ಒಳಗಿನ ಪ್ಲೇಟ ಒಂದನ್ನೊಂದ ಹಿಡದ್ರ ಗಾಡಿ ಹೋಗೂದು."

"ಕೆಟ್ಟಿತೇನು?"

"ಇನ್ನೊಂದ ತಿಂಗಳ ಓಡಿಸಿದ್ರ ಕೆಡ್ತಿತ್ತ. ಈಗ ತೊಳದ ನೋಡೂಣ. ನೀವ ಹೇಳದಿದ್ರ ನಾ ಒಂದ ಸಲ ಹಾಕಿ ಕಳಸ್ತಿದ್ನಿ, ಆಮ್ಯಾಲ ಹೊಸ ಎಣ್ಣಿನ ಕೆಟ್ಟದ್ದು ಅಂತಿದ್ನಿ."

ಜಿನಗೊಂಡ ಕುರ್ಚಿಗೆ ಮರಳಿದ. ಹೆಂಡತಿಯ ಕಡೆ ನೋಡಲು ಸ್ವಲ್ಪ ಹೊತ್ತು ಬೇಕಾಯಿತು.

"ನಂಗ ಗೊತ್ತಿತ್ತ," ಎಂದಳು ಮಾಣಿಕಬಾಯಿ. "ಮಗ್ಗದ ಎಣ್ಣಿ ಡಬ್ಬಿ ಕಾರಿನ ಮಗ್ಗಲಕ ಯಾಕ ಕುಂಡ್ರತೈತಿ? ಅದಕ್ಕೇನ ಊರಿಗಿ ಹೋಗೂದಿತ್ತೇನು?"

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಮಗ್ಗದ ಎಣ್ಣಿನ ಬರೋಬರಿ ಅಂತ ಇನ್ನೊಂದ ಲೀಟರ ಹಾಕ್ತಿದ್ರಿ."

ಅವನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಗು ಮುಗಿದ ಮೇಲೆ ಕಣ್ಣೊರೆಸಿಕೊಳ್ಳಬೇಕಾಯಿತು.

ಸಿದ್ದಾರೂಢ ಸೋರುತ್ತಿದ್ದ ಜಾಗಕ್ಕೆ ಹೊಸ ಪ್ಯಾಕಿಂಗ್ ಕೂಡಿಸಿ ಎಣ್ಣೆ ಹಾಕಿದ, ತಾನೇ ಓಡಿಸಿಕೊಂಡು ಹೋಗಿ ಬಂದ. "ಇನ್ನೂ ಜಾರಾಕತ್ತೈತಿ" ಎಂದಷ್ಟೇ ಹೇಳಿ ಮತ್ತೆ ಇಳಿಸಿದ. ಎರಡನೆಯ ಸಲ ಓಡಿಸಿ ಬಂದು ನೇರವಾಗಿ ಕಾರಿನ ಅಡಿಗೆ ಹೋದ. ಅಷ್ಟರಲ್ಲಿ ನಾಲ್ಕೂವರೆಯಾಗಿತ್ತು. ಚಳಿಗಾಲದ ಹೊತ್ತು ಬೇಗ ಮುಳುಗುತ್ತದೆ, ಜೈನರಾದ ಅವರಿಗೆ ಮುಳುಗುವ ಮೊದಲು ಊಟವಾಗಬೇಕು. ಮಾಣಿಕಬಾಯಿ ಅಲ್ಲೇ ಊಟದ ಡಬ್ಬಿ ಬಿಚ್ಚಿ ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕಾ ತೆಗೆದು, ಸಿದ್ದಾರೂಢನಿಗೂ ಒಂದು ಭಾಕರಿಯ ಮೇಲೆ ಹಾಕಿ ಕೊಟ್ಟಳು.

"ಉಳ್ಳಾಗಡ್ಡಿ ಇಲ್ದ ಝುಣಕಾ ಹೆಂಗ ಮಾಡ್ತೀರಿ ಕಾಕೂ?"

"ತಿಂದ ಹೇಳ್ರಿ ಮೊದಲ. ನಂಬರ ಬ್ಯಾರೆ ನೋಡಬ್ಯಾಡ್ರಿ."

ಜಿನಗೊಂಡ ಭಾಕರಿ ಮುರಿದ, ಆದರೆ ಬಾಯಿಗೆ ಹೋದದ್ದು ಎರಡು ತುತ್ತು. ಅವನ ಕಣ್ಣು ಕಾರಿನ ಮೇಲೇ ಇತ್ತು.

ಮೂರನೆಯ ಸಲ ಎಣ್ಣೆ ತುಂಬಿ, ಎಂಜಿನ್ನನ್ನು ಬಿಸಿಯಾಗಲು ಬಿಟ್ಟು, ಮಟ್ಟ ಸರಿಮಾಡಲು ಸಿದ್ದಾರೂಢ ಅಡಿಯ ಬೋಲ್ಟು ಸಡಿಲಿಸಿದ. ಜಾಸ್ತಿಯಾದ ಎಣ್ಣೆ ಮೊದಲು ಧಾರೆಯಾಗಿ, ಆಮೇಲೆ ನೂಲಿನೆಳೆಯಾಗಿ, ಆಮೇಲೆ ಹನಿಹನಿಯಾಗಿ ಇಳಿಯಿತು. ಬೋಲ್ಟು ಬಿಗಿದು ಹೊರಗೆ ಬಂದ.

"ಈ ಸಲ ನೀವ ಕುಂಡ್ರಿ ಕಾಕಾ."

ಹಿಂದೆ ಮಾಣಿಕಬಾಯಿ, ಪಕ್ಕದಲ್ಲಿ ಸಿದ್ದಾರೂಢ. ಜಿನಗೊಂಡ ಎಡಗಾಲನ್ನು ಎತ್ತಿ ಮೂಲೆಗಿಟ್ಟು ಗೇರಿನ ಹಿಡಿಕೆ ಸರಿಸಿದ. ಕಾರು ಒಮ್ಮೆ ಸಣ್ಣಗೆ ಮುಂದಕ್ಕೆ ತುಡಿದು ನಿಂತಿತು. ಎಷ್ಟೋ ದಿನದಿಂದ ಆ ತುಡಿತ ಇರಲಿಲ್ಲ. ಹೆದ್ದಾರಿಯ ಸೇತುವೆಯ ಏರಿಗೆ ಬಂದಾಗ ಅವನು ಉಸಿರು ಹಿಡಿದು ಬಲಗಾಲು ಒತ್ತಿದ. ಎಂಜಿನ್ನಿನ ದನಿ ಏರಿತು, ದನಿಯ ಜೊತೆಗೇ ಕಾರೂ ಏರಿತು.

"ಹಿಡೀತ್ರಿ," ಎಂದ ಸಿದ್ದಾರೂಢ.

ಜಿನಗೊಂಡ ತಲೆಯಾಡಿಸಿದ.

ಸಿದ್ದಾರೂಢನನ್ನು ಗ್ಯಾರೇಜಿನಲ್ಲಿ ಇಳಿಸಿ, ಮಾಣಿಕಬಾಯಿಯನ್ನು ಮುಂದೆ ಕೂರಿಸಿಕೊಂಡು ಹಾತಕಣಂಗಲೆಯ ರಸ್ತೆಗೆ ಬಂದಾಗ ಬಿಸಿಲು ಕೆಂಪಗೆ ಅಡ್ಡ ಬಿದ್ದಿತ್ತು. ಮುಂದೆ ಎರಡು ಟ್ರಾಲಿ ಕಬ್ಬು ಎಳೆದುಕೊಂಡು ಒಂದು ಟ್ರ್ಯಾಕ್ಟರು ತೆವಳುತ್ತಿತ್ತು. ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ. ದಾಟಿ ಹೋಗಲು ಜಿನಗೊಂಡ ಸೂಚನೆಯ ದೀಪ ಹಾಕಿದ. ಆಗ ಪಕ್ಕಕ್ಕೆ ನೋಡಿದರೆ ಮಾಣಿಕಬಾಯಿ ಬಾಯಿ ಸ್ವಲ್ಪ ತೆರೆದು, ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಅವನು ದೀಪ ಆರಿಸಿದ. ಟ್ರಾಲಿಯಿಂದ ಇಳಿಬಿದ್ದ ಕಬ್ಬಿನ ಗರಿಗಳು ರಸ್ತೆಯನ್ನು ಸವರುತ್ತ ಹೋಗುತ್ತಿದ್ದವು. ಅವುಗಳ ಹಿಂದೆ, ಅಷ್ಟೇ ನಿಧಾನವಾಗಿ, ಅವನು ಕಾರು ಓಡಿಸಿದ.