ಹತ್ತು ಸಹಿಯ ಮೇಲಿನ ಜಾಗ

ಪವಿತ್ರ ಹೊಲಿಗೆ ಮಷೀನಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಮಲಗಿಸಿದಳು. ಟೆಂಪೋದಿಂದ ಇಳಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಥರ್ಮಾಕೋಲಿನ ಬಿಳಿ ಪುಡಿ ಇನ್ನೂ ಅದರ ಮೈಗೆ ಅಂಟಿಕೊಂಡಿತ್ತು. ಹೊಟ್ಟೆಯ ಅಡಿಯಲ್ಲಿ, ಬಗ್ಗಿ ನೋಡದವರಿಗೆ ಎಂದೂ ಕಾಣದ ಕಡೆ, ಕಬ್ಬಿಣದ ಎರಕದಲ್ಲೇ ಮೂಡಿದ ಚೀನಾದ ಅಕ್ಷರಗಳು ಎರಡು ಸಾಲು ಇದ್ದವು. ಮೇಲ್ಗಡೆ ಮಾತ್ರ ಹೊಳೆಯುವ ಹೊಸ ತಗಡು, ನಾಲ್ಕು ಮೂಲೆಗೂ ರಿವೆಟ್ಟು ಬಡಿದದ್ದು: ಮೇಡ್ ಇನ್ ಇಂಡಿಯಾ.

ಪಕ್ಕದ್ದನ್ನು ಮಲಗಿಸಿದಳು. ಅದರಲ್ಲೂ ಅದೇ. ಆರನ್ನೂ ನೋಡಿ ಮುಗಿಸುವ ಹೊತ್ತಿಗೆ ಅವಳ ಕಿವಿ ಬಿಸಿಯಾಗಿತ್ತು. ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಇಂಥದೇ ಮಷೀನಿನ ಮುಂದೆ ಕೂತು ಕಾಲರು ಹೊಲಿದವಳು. ಸದ್ದು ಕೇಳಿಯೇ ಎಣ್ಣೆ ಕಡಿಮೆಯಾಗಿದೆ ಎನ್ನಬಲ್ಲವಳು. ಅಂಥವಳ ಕಣ್ಣಿಗೂ ಒಂದು ತುಂಡು ತಗಡಿನಲ್ಲಿ ಮಣ್ಣೆರಚಬಹುದು ಎಂದುಕೊಂಡಿದ್ದರಲ್ಲ, ಅದು ಅವಳನ್ನು ಚುಚ್ಚಿತು.

"ಸಾ, ಇವು ಚೀನಾದವಲ್ವಾ?"

ಪ್ರೇಮ್‌ಕುಮಾರ್ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಳನೀರು ಕುಡಿಯುತ್ತಿದ್ದ. ಮಹಿಳಾ ಸಂಘಗಳಿಗೆ ಸರ್ಕಾರದ ಗ್ರಾಂಟು ಕೊಡಿಸುವ ಅಧಿಕಾರಿ ಅವನು. ಆ ಗ್ರಾಂಟಿನಲ್ಲಿ ಏನು ಕೊಳ್ಳಬೇಕು, ಯಾವ ಅಂಗಡಿಯಲ್ಲಿ ಕೊಳ್ಳಬೇಕು ಅನ್ನುವುದೂ ಹೇಗೋ ಅವನ ಕೈಯಲ್ಲೇ ಇತ್ತು. ಈ ಮಷೀನುಗಳನ್ನು ಟಿ.ನರಸೀಪುರದ ಅಂಗಡಿಯೊಂದರಿಂದ ತಾನೇ ಮುಂದೆ ನಿಂತು ತರಿಸಿದ್ದ.

"ತಗಡಿನ ಮೇಲೆ ಏನಿದೆ ಓದಮ್ಮ."

"ಮೇಲ್ದೂ ಓದ್ದಿ ಸಾ. ಒಟ್ಟೆ ಕೆಳಗಿಂದೂ ನೋಡ್ದಿ."

"ಚೀನಾ ಭಾಷೆ ಬೇರೆ ಬರುತ್ತೋ ನಿನಗೆ?" ಎಂದು ಅವನು ನಕ್ಕ. ಸಾಹೇಬರು ನಕ್ಕರಲ್ಲ ಎಂದು ಸುತ್ತ ನಿಂತಿದ್ದ ಸಂಘದ ಹೆಂಗಸರಲ್ಲಿ ಇಬ್ಬರು ನಕ್ಕರು. ಪವಿತ್ರ ಅವರತ್ತ ತಿರುಗಿ ನೋಡಿದ ಮೇಲೆ ಸುಮ್ಮನಾದರು.

ಆರು ತಿಂಗಳ ಹಿಂದೆ ಇದೇ ಚೀನಾದ ಮಷೀನನ್ನು ಅವಳು ಬಾಯಿಬಿಟ್ಟು ಕೇಳಿದ್ದಳು. ಇದೇ ಕೋಣೆಯಲ್ಲಿ, ತಗಡೂರಿನ ಹಾಲಿನ ಡೇರಿಗೆ ಅಂಟಿಕೊಂಡ ಈ ಸಿಮೆಂಟ್ ಶೀಟಿನ ಕೋಣೆಯಲ್ಲಿ, ಸಂಘದ ಹತ್ತೂ ಜನರ ಎದುರಿಗೆ. ಫ್ಯಾಕ್ಟರಿಯಲ್ಲಿ ನಮ್ಮ ಕೈ ಪಳಗಿರುವುದು ಅದರಲ್ಲೇ, ಬೆಲೆಯೂ ಕಡಿಮೆ, ಇರುವ ದುಡ್ಡಿಗೆ ಎಂಟು ಬರುತ್ತವೆ ಎಂದಿದ್ದಳು. ಅವತ್ತು ಪ್ರೇಮ್‌ಕುಮಾರ್ ಕುರ್ಚಿಯಿಂದ ಎದ್ದೇ ನಿಂತಿದ್ದ.

"ಸರ್ಕಾರದ ದುಡ್ಡು ಕಣಮ್ಮ ಇದು. ದೇಶದಲ್ಲೇ ತಯಾರಾದದ್ದನ್ನು ಕೊಳ್ಳಬೇಕು ಅಂತ ರೂಲ್ಸಿದೆ. ಅದೂ ತಗಡೂರಿನಲ್ಲಿ ಕೂತ್ಕೊಂಡು ಚೀನಾ ಮಾಲು ಕೇಳ್ತೀಯಲ್ಲ, ನಾಚಿಕೆ ಆಗೋದಿಲ್ವ? ಸ್ವಾತಂತ್ರ್ಯಕ್ಕೆ ಅಂತ ಜೈಲಿಗೆ ಹೋದವರ ಊರಮ್ಮ ಇದು."

ಅವಳಿಗೆ ನಾಚಿಕೆ ಆಗಿತ್ತು. ನಿಜವಾಗಿಯೂ ಆಗಿತ್ತು. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಆ ಮಾತು ಹೇಳಿ, ಅವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ತಾನೇ ಒಪ್ಪಿಕೊಂಡಿದ್ದಳು. ನಾವು ಹೊಲಿದ ಅಂಗಿಯನ್ನು ನಮ್ಮವರು ಕೊಂಡರೆ ತಾನೆ ನಮಗೆ ಕೂಲಿ ಹುಟ್ಟುವುದು. ಹಾಗೇ ಈ ದೇಶದಲ್ಲಿ ಎಲ್ಲೋ ಒಂದು ಕಡೆ ಮಷೀನು ಮಾಡುವ ಜನವೂ ಇರುತ್ತಾರಲ್ಲ, ಅವರಿಗೂ ಕೂಲಿ ಹುಟ್ಟಲಿ ಅನ್ನಿಸಿತ್ತು. ಮೈಸೂರಿಗೆ ಮೂರು ಸಲ ಬಸ್ಸು ಹತ್ತಿ, ಅಂಗಡಿ ಅಂಗಡಿ ಅಲೆದು ಇಲ್ಲಿಯದೇ ತಯಾರಿಕೆಯ ಮಷೀನು ಹುಡುಕಿದ್ದಳು. ಅದರ ರೇಟಿಗೆ ಎಂಟು ಹೋಗಿ ಆರಕ್ಕೆ ಇಳಿಯಿತು. ಪರವಾಗಿಲ್ಲ, ಸರದಿಯಲ್ಲಿ ಹೊಲಿಯೋಣ ಎಂದು ಹೆಂಗಸರನ್ನು ಒಪ್ಪಿಸಿದ್ದಳು. ಕೊನೆಗೆ ಮೈಸೂರಿನ ಆ ಅಂಗಡಿ ಸರ್ಕಾರದ ಪಟ್ಟಿಯಲ್ಲಿಲ್ಲ ಎಂದು ಹೇಳಿ ಆರ್ಡರನ್ನು ನರಸೀಪುರಕ್ಕೆ ಕೊಟ್ಟವನು ಪ್ರೇಮ್‌ಕುಮಾರ್. ಈಗ ಅವಳು ಕೇಳಿ ಬೈಸಿಕೊಂಡ ಮಷೀನೇ ತಗಡು ಹೊದ್ದು, ಇಲ್ಲಿಯ ಮಷೀನಿನ ಬೆಲೆಯನ್ನೂ ಹೊತ್ತುಕೊಂಡು ಬಂದು ಕೂತಿತ್ತು.

"ಸರಿ, ಹೊತ್ತಾಯ್ತು. ನಡಾವಳಿ ಪುಸ್ತಕ ತಾ," ಎಂದ ಪ್ರೇಮ್‌ಕುಮಾರ್. "ಮುಂದಿನ ಹಾಳೇಲಿ ಬರಿ. 'ಸಂಘದ ಸದಸ್ಯರೆಲ್ಲರೂ ಯಂತ್ರಗಳನ್ನು ಖುದ್ದಾಗಿ ಪರಿಶೀಲಿಸಿ, ಇವು ಭಾರತದಲ್ಲೇ ತಯಾರಾದವೆಂದು ಖಾತ್ರಿಪಡಿಸಿಕೊಂಡು ಸ್ವೀಕರಿಸಿರುತ್ತೇವೆ.' ಅಷ್ಟೇ. ಕೆಳಗೆ ಸಹಿ ಇದ್ದೇ ಇದೆಯಲ್ಲ."

ಸಹಿ ಇದ್ದೇ ಇತ್ತು. ಹೊಲದ ಕೂಲಿಗೆ, ಫ್ಯಾಕ್ಟರಿಗೆ ಹೋಗುವ ಹತ್ತು ಜನ ಪ್ರತಿ ಸಭೆಗೂ ಸೇರುವುದೆಲ್ಲಿಂದ ಬಂತು? ಅದಕ್ಕೇ ಸಂಘಗಳಲ್ಲಿ ಒಂದು ರೂಢಿ. ನಡಾವಳಿ ಪುಸ್ತಕದ ನಾಲ್ಕೈದು ಹಾಳೆಗೆ ಒಟ್ಟಿಗೇ, ಮೇಲೆ ಜಾಗ ಬಿಟ್ಟು, ಕೆಳಗೆ ಎಲ್ಲರ ಸಹಿ ಹಾಕಿಸಿ ಇಟ್ಟುಕೊಳ್ಳುವುದು. ಸಭೆ ನಡೆಯಿತೆಂದು ಆಮೇಲೆ ಅಧ್ಯಕ್ಷೆ ಬರೆದುಕೊಳ್ಳುವುದು. ಹೇಳಿಕೊಟ್ಟವನು ಪ್ರೇಮ್‌ಕುಮಾರನೇ ಇರಬಹುದು, ಆದರೆ ಸಂಜೆ ಹೊತ್ತು ಮನೆ ಮನೆಗೆ ಹೋಗಿ, ಒಲೆ ಮುಂದೆ ಕೂತವರ ಕೈಗೂ ಪೆನ್ನು ಕೊಟ್ಟು ಸಹಿ ಹಾಕಿಸಿ ತಂದವಳು ಅಧ್ಯಕ್ಷೆ ಪವಿತ್ರ.

"ಇದ್ರಲ್ಲಿ ನಿಮ್ ಸಹಿ ಎಲ್ ಬತ್ತದ ಸಾ?"

"ನನ್ನದ್ಯಾಕಮ್ಮ? ಕೊಂಡವರು ನೀವು. ನೋಡಿ ತಗೊಂಡವರು ನೀವು."

ಅವಳು ಪುಸ್ತಕ ತೆರೆದು ಮಷೀನಿನ ಹಲಗೆಯ ಮೇಲಿಟ್ಟಳು. ಜೂನಿಗೆ ಶಾಲೆ ಶುರು. ಸುತ್ತಲ ಮೂರು ಶಾಲೆಗಳ ಯೂನಿಫಾರಂ ಬಟ್ಟೆ ಥಾನುಗಟ್ಟಲೆ ಗೋಡೆಗೆ ಒರಗಿಕೊಂಡಿತ್ತು. ಮಷೀನಿಲ್ಲದೆ ಇದ್ದರೆ ಆ ಬಟ್ಟೆ ಬೇರೆಯವರ ಪಾಲು, ಹೆಂಗಸರು ಮತ್ತೆ ಹೊಲಕ್ಕೆ, ಇಲ್ಲವೇ ಬೆಳಗಿನ ಆರು ಗಂಟೆಯ ಫ್ಯಾಕ್ಟರಿ ಬಸ್ಸಿಗೆ. 'ಸಂಘದ ಸದಸ್ಯರೆಲ್ಲರೂ' ಎಂದು ಬರೆದಳು. ಮುಂದಕ್ಕೆ ಪೆನ್ನು ಹೋಗಲಿಲ್ಲ.

"ಏನ್ ಬರೀತಿದ್ದೈ ಮಗ? ವಸಿ ಓದು, ಕೇಳ್ಮ," ಎಂದಳು ಚನ್ನಾಜಮ್ಮ. ಅರವತ್ತು ದಾಟಿದ ಹೆಂಗಸು. ಸಂಘದಲ್ಲಿ ಗುಂಡಿ ಹಾಕುವ, ಕಾಜಾ ಮಾಡುವ ಕೈಕೆಲಸ ಅವಳದು.

ಪವಿತ್ರ ಅವನು ಹೇಳಿದ ಮಾತನ್ನು ಹಾಗೇ ಒಪ್ಪಿಸಿದಳು. ಇವು ಚೀನಾದವು ಅನ್ನುವುದನ್ನೂ ಹೇಳಿದಳು.

"ಬರ್ದ್ಬುಡಕ್ಕ," ಎಂದು ಕವನ ಮುಂದೆ ಬಂದಳು. ಈ ಮಷೀನುಗಳನ್ನು ನಂಬಿ ಹೋದ ತಿಂಗಳು ಫ್ಯಾಕ್ಟರಿ ಕೆಲಸ ಬಿಟ್ಟಿದ್ದವಳು, ಎರಡು ಮಕ್ಕಳ ತಾಯಿ. "ಯಾವ್ ದೇಸದ್ದಾದ್ರ ನಮ್ಗೇನು? ಒಲಿತದ ಅಲ್ವಾ? ಇವ್ನ ವಾಪಸ್ ಕಳ್ಸುದ್ರ ನಾಳ ನಮ್ಮನ್ನ ಕೇಳೋರ್ ಯಾರು?"

"ಆಡಿಟ್‌ನೋರು ಬಂದು ಇಂಗೇ ಮಷೀನ್ ತಲೆ ಮಲಗ್ಸಿ ನೋಡುದ್ರ ಆಗ್ಲೂ ನಮ್ಮನ್ನ ಕೇಳೋರ್ ಯಾರೂ ಬರಲ್ಲ," ಎಂದಳು ಯಶೋಧರಾ. ಅವಳು ಸಂಘದ ಖಜಾಂಚಿ, ಮಾತು ಕಮ್ಮಿ. "ಸಾಯೇಬ್ರು ಅಷ್ಟೊತ್ಗ ಬೇರೆ ತಾಲೂಕ್ನಲ್ಲಿರ್ತಾರ. ನಾವ್ ಹತ್ ಜನ ಇಲ್ಲೇ ಇರ್ತೀವಿ."

"ಏಯ್, ಯಾಕ್ರಮ್ಮ ಇಲ್ಲದ್ದೆಲ್ಲ ಮಾತಾಡ್ತೀರಿ?" ಪ್ರೇಮ್‌ಕುಮಾರ್ ಎಳನೀರಿನ ಬುರುಡೆ ಕೆಳಗಿಟ್ಟ. "ಎಲ್ಲಾ ಕಡೆ ಬರೋದು ಇದೇ ಮಾಲು. ಎಲ್ಲಾ ಸಂಘದವರೂ ಬರೆದುಕೊಟ್ಟಿದ್ದಾರೆ. ನಿಮಗೊಬ್ಬರಿಗೇ ಏನು ದೊಡ್ಡ ಸತ್ಯ?"

ಚನ್ನಾಜಮ್ಮ ಈ ಗಲಾಟೆಯ ನಡುವೆ ಪವಿತ್ರಳ ಸೆರಗು ಜಗ್ಗಿದಳು. "ಖುದ್ದಾಗಿ ಅಂದ್ರ ಏನವ್ವ?"

"ನಾವೇ ಕಣ್ಣಾರ ನೋಡಿ ಅಂತ ದೊಡ್ಡವ್ವ."

"ನಾನ್ ನೋಡಿಲ್ವಲ್ಲ. ತೋರ್ಸು."

ಪವಿತ್ರ ಮಷೀನು ಮಲಗಿಸಿದಳು. ಚನ್ನಾಜಮ್ಮ ಮಂಡಿ ಹಿಡಿದುಕೊಂಡು ಬಗ್ಗಿ, ಎರಕದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಬೆರಳಿಗೆ ಅಂಟಿದ ಎಣ್ಣೆಯನ್ನು ಸೀರೆಗೆ ಒರೆಸಿಕೊಂಡು ಪ್ರೇಮ್‌ಕುಮಾರನ ಎದುರು ಬಂದು ನಿಂತಳು.

"ಸಾ, ನಂಗ ಓದಕ ಬರಲ್ಲ. ಆದ್ರ ಇವು ನಮ್ ಅಕ್ಸರ ಅಲ್ಲ ಅನ್ನದು ಗೊತ್ತಾಯ್ತದ. ನಾನು ಮೊದ್ಲು ಎಬ್ಬೆಟ್ಟು ಒತ್ತೋಳು. ಒತ್ತು ಅಂದ್ ಕಡ ಒತ್ತ್ದಿ. ಮೇಲೇನ್ ಬರ್ಕಂಡಿದ್ರೋ, ಒಂದೆಕರ ತ್ವಾಟ ಅಂಗೇ ಓಯ್ತು. ಅದ್ಕೇಯ ಈ ವಯಸ್ನಲ್ಲಿ ಈ ಪವಿತ್ರನ್ ಕೈಲಿ ಬೈಸ್ಕಂಡು ಎಸ್ರು ಬರಿಯದ ಕಲ್ತದ್ದು. ಎಸ್ರು ಬರ್ದೂ ಅದೇ ಆಗದಾದ್ರ ನಾನ್ ಕಲ್ತ್ ಏನ್ ಬಂತು, ಯೋಳಿ ಮತ್ತ?"

ಪ್ರೇಮ್‌ಕುಮಾರ್ ಫೋನು ನೋಡುತ್ತಿರುವವನಂತೆ ಮಾಡಿದ.

"ಪೆನ್ ಕೊಡವ್ವ," ಎಂದು ಚನ್ನಾಜಮ್ಮ ಪುಸ್ತಕದ ಮೇಲೆ ಬಾಗಿದಳು. ಹತ್ತು ಸಹಿಯ ನಡುವೆ ತನ್ನದು ಯಾವುದೆಂದು ಹುಡುಕಿ, ಒಂದೊಂದೇ ಅಕ್ಷರದ ಮೇಲೆ ಗೀಟು ಎಳೆದಳು. ಬರೆಯುವಾಗ ಎಷ್ಟು ಹೊತ್ತು ಹಿಡಿದಿತ್ತೋ ಹೊಡೆದು ಹಾಕುವುದಕ್ಕೂ ಅಷ್ಟೇ ಹಿಡಿಯಿತು.

"ಏನಮ್ಮ ಮಾಡ್ತಾ ಇದ್ದೀಯ? ಸರ್ಕಾರಿ ದಾಖಲೆ ಅದು!"

ಪವಿತ್ರಳ ಸಿಟ್ಟು ಕಟ್ಟೆಯೊಡೆದದ್ದು ಆ ಮಾತಿಗೆ.

"ಯಾವ್ದು ಸಾ ದಾಖಲೆ? ಖಾಲಿ ಆಳೆ ಕಣ್ರೀ ಅದು! ನಾಚ್ಕ ಆಗಲ್ವಾ ಅಂದ್ರಲ್ಲ ಅವತ್ತು, ಆರ್ ತಿಂಗ್ಳು ನಾಚ್ಕ ಪಟ್ಕಂಡು ತಿರುಗಿವ್ನಿ. ಜೈಲ್ಗೋದೋರ ಊರು ಅಂದ್ರಿ. ಈಗ ನಮ್ಮನ್ನೂ ಜೈಲ್ಗ ಕಳ್ಸಕ ರೆಡಿ ಮಾಡ್ಕಂಡ್ ಬಂದಿದ್ದೀರಲ್ಲ! ರೂಲ್ಸು ಅಂದ್ರ ನೀವ್ ಯೋಳದು, ನಾವ್ ಕೇಳದು. ಸಹಿ ಅಂದ್ರ ಮಾತ್ರ ನಮ್ದಾ?"

ಬೈದದ್ದು ಅವನಿಗೆ. ಅದರಲ್ಲಿ ಅರ್ಧ ತನಗೂ ತಾಗುತ್ತದೆಂದು ಬೈಯುತ್ತಿರುವಾಗಲೇ ಅವಳಿಗೆ ಗೊತ್ತಿತ್ತು. ಚನ್ನಾಜಮ್ಮನ ಮನೆಗೆ ಹೋಗಿ, "ಬೇಗ ಆಕು ದೊಡ್ಡವ್ವ, ಇನ್ನೂ ಐದ್ ಮನ ತಿರುಗ್ಬೇಕು" ಎಂದು ಅವಸರ ಮಾಡಿ ಸಹಿ ತಂದ ಬಾಯಿಯೂ ಇದೇ. ಪವಿತ್ರ ತನ್ನ ಹೆಸರನ್ನೂ ಹೊಡೆದಳು. ಗೀಟು ಜೋರಾಗಿ ಹಾಳೆ ಹರಿಯಿತು. ಯಶೋಧರಾ ಪೆನ್ನು ಇಸಿದುಕೊಂಡಳು. ಅವಳ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಕೆಲವರು ಮನಸ್ಸಿದ್ದು, ಕೆಲವರು ಬೇರೆಯವರ ಮುಖ ನೋಡಿ. ಕವನ ಮಾತ್ರ ಪೆನ್ನು ಮುಟ್ಟಲಿಲ್ಲ. ಬಟ್ಟೆಯ ಥಾನುಗಳ ಪಕ್ಕ ಕುಕ್ಕರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಒಂಬತ್ತು ಗೀಟುಗಳ ನಡುವೆ ಅವಳ ಹೆಸರೊಂದು ಹಾಗೇ ಉಳಿಯಿತು.

"ಸರಿ ಬಿಡಿ," ಎಂದು ಪ್ರೇಮ್‌ಕುಮಾರ್ ಎದ್ದ. "ಮಷೀನು ವಾಪಸ್ ಹೋಗುತ್ತೆ. ಗ್ರಾಂಟಿಗೆ ಈ ಸಂಘ ಲಾಯಕ್ಕಿಲ್ಲ ಅಂತ ನಾನು ಬರೀತೀನಿ. ಆಮೇಲೆ ನನ್ನ ಬಾಗಿಲಿಗೆ ಬಂದು ನಿಲ್ಲಬೇಡಿ."

"ನೀವ್ ಬರೀರಿ. ನಾವೂ ಬರೀತೀವಿ. ಮೈಸೂರ್ಗ ನಾವೇ ಓಗಿ ಕೊಟ್ ಬತ್ತೀವಿ," ಎಂದಳು ಪವಿತ್ರ. ಮೈಸೂರಿನ ಜಿಲ್ಲಾ ಕಚೇರಿಯಲ್ಲಿ ದೂರನ್ನು ಯಾರಿಗೆ ಕೊಡಬೇಕು, ಕೊಟ್ಟರೆ ಕೇಳುವವರಿದ್ದಾರೆಯೇ ಅನ್ನುವುದು ಅವಳಿಗೂ ತಿಳಿದಿರಲಿಲ್ಲ. ಆದರೂ ಕಣ್ಣಿಗೆ ಕಂಡದ್ದನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದಳು. ತಗಡು, ರಿವೆಟ್ಟು, ಎರಕದ ಅಕ್ಷರ, ಆರು ಮಷೀನಿನದೂ. ಅವನ ಬೈಕಿನ ಸದ್ದು ನಂಜನಗೂಡಿನ ರಸ್ತೆಯಲ್ಲಿ ಕರಗಿತು.

ಹೊರಗೆ ಕಾಯುತ್ತಿದ್ದ ಟೆಂಪೋ ಡ್ರೈವರು ಹಿಂದಿನ ಬಾಗಿಲು ತೆಗೆದು, ಇವರ ಕಡೆ ನೋಡದೆಯೇ, "ಎತ್ತಕ್ಕೆ ನಾನೊಬ್ನೇಯ, ಯಾರಾರ ಕೈ ಆಕಿ," ಎಂದ. ಒಂದು ಮಷೀನಿಗೆ ನಾಲ್ಕು ಜನ ಬೇಕಾಯಿತು. ಆಗಷ್ಟೇ ನಗುನಗುತ್ತಾ ಇಳಿಸಿದವರೇ ಈಗ ಮತ್ತೆ ಎತ್ತತೊಡಗಿದರು.

"ತಾಳಿ," ಎಂದಳು ಪವಿತ್ರ.

ಕಟ್ಟಿಂಗ್ ಮೇಜಿನ ಕೆಳಗೆ ಬಿದ್ದಿದ್ದ ತುಂಡು ಬಟ್ಟೆಗಳನ್ನು ಆಯ್ದಳು. ಕವನ ಕಣ್ಣೊರೆಸಿಕೊಂಡು ಎದ್ದು, ತಾನೂ ನಾಲ್ಕು ಆಯ್ದು ಕೊಟ್ಟಳು. ಗಾರ್ಮೆಂಟ್ಸಿನಲ್ಲಿ ಶಿಫ್ಟು ಮುಗಿಸಿ ಏಳುವಾಗ ಮಾಡುವಂತೆ ಪವಿತ್ರ ಸೂಜಿಯ ಕೆಳಗೆ ಬಟ್ಟೆಯ ತುಂಡನ್ನು ಮಡಿಸಿಟ್ಟು, ಒತ್ತುವ ಪಾದವನ್ನು ಅದರ ಮೇಲೆ ಇಳಿಸಿ, ಚಕ್ರವನ್ನು ಕೈಯಲ್ಲಿ ತಿರುವಿ ಸೂಜಿಯನ್ನು ಬಟ್ಟೆಯೊಳಕ್ಕೆ ಇಳಿಸಿ ನಿಲ್ಲಿಸಿದಳು. ದಾರಿಯ ಕುಲುಕಿಗೆ ಸೂಜಿ ಮುರಿಯಬಾರದು. ಆರಕ್ಕೂ ಹಾಗೇ ಮಾಡಿ, ಕೊನೆಯದರ ಮೈ ಮೇಲಿದ್ದ ಥರ್ಮಾಕೋಲಿನ ಪುಡಿಯನ್ನು ಅಂಗೈಯಲ್ಲಿ ಒರೆಸಿದಳು.

"ಉಬ್ಬು ಬಂದ್ರ ನಿಧಾನಕ್ಕ ಓಗಪ್ಪ," ಎಂದು ಡ್ರೈವರಿಗೆ ಹೇಳಿ, ಮಷೀನಿನ ಒಂದು ತುದಿಗೆ ಕೈ ಕೊಟ್ಟಳು.